500 ಡಾಲರ್ ಕಾರಿನ ಎಂಡ್ಯೂರೆನ್ಸ್ ರೇಸ್: ಊರಲ್ಲಿದ್ದುಕೊಂಡು ಏನು ತಯಾರಿ ಮಾಡಿಕೊಳ್ಳಬಹುದು?

ಶಾಲ್ಮಲಾ, ಶಿರಸಿ

ಕ್ಯಾಲಿಫೋರ್ನಿಯಾದಲ್ಲಿರುವ ದೊಡ್ಡಪ್ಪನ ಮಗ ಮತ್ತವನ ಆಫೀಸಿನವರು ಸೇರಿ ತೊಂಬತ್ತರ ದಶಕದ ಹೋಂಡಾ ಸಿವಿಕ್ ಒಂದನ್ನು ‘24 ಅವರ್ಸ್ ಆಫ್ ಲೆಮನ್ಸ್’ ಎಂಬ ಎಂಡ್ಯೂರೆನ್ಸ್ ರೇಸಿಗೆ (ಅಗ್ಗದ ಹಳೇ ಕಾರನ್ನು ಸರದಿಯ ಮೇಲೆ ಗಂಟೆಗಟ್ಟಲೆ ಓಡಿಸುವ ಪಂದ್ಯ) ಸಿದ್ಧ ಮಾಡುತ್ತಿದ್ದಾರೆ. 1.6 ಲೀಟರ್ ಎಂಜಿನ್, 5 ಗೇರ್. ಜಾಗ ಅಲ್ಲಿಯ ಥಂಡರ್‌ಹಿಲ್ ರೇಸ್ ಟ್ರ್ಯಾಕ್. ಆ ಹೊತ್ತಿಗೆ ಕೆಲಸದ ಮೇಲೆ ನಾನೂ ಅಲ್ಲೇ ಇರುವುದರಿಂದ ಐದನೇ ಡ್ರೈವರ್ ಅಂತ ನನ್ನ ಹೆಸರು ಸೇರಿಸಿದ್ದಾರೆ. ಟ್ರ್ಯಾಕ್ ಅನುಭವ ಸೊನ್ನೆ.

ದೇವಿಮನೆ ಘಾಟಿಯಲ್ಲಿ ನಸುಕಿಗೆ ಓಡಿಸಿ ಕೈ ಪಳಗಿಸಿಕೊಂಡರೆ ಉಪಯೋಗ ಇದೆಯಾ? ಹೆಲ್ಮೆಟ್, ಸೂಟು ಇಲ್ಲಿಂದಲೇ ಒಯ್ಯಬಹುದಾ? ಒಮ್ಮೆ ಕೂತರೆ ಎಷ್ಟು ಹೊತ್ತು ಓಡಿಸಬೇಕು? ಮತ್ತೆ, ಕಾರಿನಲ್ಲಿ ಏನೇನು ನೋಡಿಕೊಳ್ಳಲು ಅವರಿಗೆ ಹೇಳಲಿ? ಅವರೆಲ್ಲ ಸಾಫ್ಟ್‌ವೇರ್ ಮಂದಿ. ಆಯಿಲ್ ಬದಲಿಸಿ ಟೈರ್ ಹಾಕಿದರೆ ಮುಗೀತು ಅಂದುಕೊಂಡಿದ್ದಾರೆ.

ಕರಿಇಶಾಡು, ಅಂಕೋಲಾ

ಘಾಟಿ ಬೇಡ ತಮಾ. ಸಾರ್ವಜನಿಕ ರಸ್ತೆಯಲ್ಲಿ ರೇಸ್ ಮಾಡುವುದು ಮೋಟಾರು ವಾಹನ ಕಾಯ್ದೆಯ 189ನೇ ಕಲಮಿನಡಿ ಅಪರಾಧ. 2019ರ ತಿದ್ದುಪಡಿಯಾದ ಮೇಲೆ ಮೊದಲ ಸಲಕ್ಕೇ 3 ತಿಂಗಳವರೆಗೆ ಜೈಲು, ಇಲ್ಲವೇ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಕಾಯ್ದೆ ಹಾಗಿರಲಿ, ಅಲ್ಲಿ ಕಲಿಯಲಿಕ್ಕೂ ಏನಿಲ್ಲ. ತಿರುವಿನ ಆಚೆ ಲಾರಿ ಇದ್ದೀತು ಎಂದು ಘಾಟಿಯಲ್ಲಿ ಎಡಕ್ಕೆ ಅಂಟಿಕೊಂಡೇ ಹೋಗಬೇಕು. ಟ್ರ್ಯಾಕಿನಲ್ಲಿ ಕಲಿಯಬೇಕಾದ್ದೇ ಹೊರ ಅಂಚಿನಿಂದ ಒಳ ಅಂಚಿಗೆ ಹೋಗಿ ಮತ್ತೆ ಹೊರ ಅಂಚಿಗೆ ಬರುವ ಪೂರ್ತಿ ಅಗಲದ ಓಟ.

ನಿನಗೆ ನಿಜವಾಗಿ ಕಾಡುವುದು ಎಡಗಡೆ ಸ್ಟೀರಿಂಗು. ಪೆಡಲ್‌ಗಳ ಕ್ರಮ ನಮ್ಮದೇ, ಗೇರ್ ಮಾತ್ರ ಬಲಗೈಗೆ ಬರುತ್ತದೆ. 5ರಿಂದ 4ಕ್ಕೆ ಇಳಿಸುವಾಗ ಲಿವರನ್ನು ಮೈಕಡೆ ಎಳೆದುಬಿಟ್ಟರೆ ಅದು ಸೀದಾ 2ಕ್ಕೆ ಬೀಳುತ್ತದೆ. ಆಗ ಚಕ್ರಗಳೇ ಎಂಜಿನ್ನನ್ನು ರೆಡ್‌ಲೈನ್ (ಅದು ತಿರುಗಬಹುದಾದ ಗರಿಷ್ಠ ವೇಗ) ಮೀರಿ ತಿರುಗಿಸುತ್ತವೆ. ರೆವ್ ಲಿಮಿಟರ್ ಪೆಟ್ರೋಲನ್ನಷ್ಟೇ ನಿಲ್ಲಿಸಬಲ್ಲದು, ಇದನ್ನು ತಡೆಯಲಾರದು. ವಾಲ್ವ್ ಬಾಗಿದರೆ ಐದೂ ಜನರ ರೇಸು ಅಲ್ಲಿಗೆ ಮುಗಿಯಿತು. ಲಿವರನ್ನು ಮುಷ್ಟಿಯಲ್ಲಿ ಹಿಡಿಯಬೇಡ. ಬೆರಳು ಸಡಿಲ ಬಿಟ್ಟು ನೇರ ಹಿಂದಕ್ಕೆ ಎಳೆ. ನ್ಯೂಟ್ರಲ್ ದಾಟುವಾಗ 3–4ರ ಸಾಲಿಗೆ ಸ್ಪ್ರಿಂಗೇ ತಂದು ನಿಲ್ಲಿಸುತ್ತದೆ. ಇನ್ನೊಂದು, ಗಾಡಿಯ ಹೆಚ್ಚಿನ ಭಾಗ ನಮ್ಮ ಎಡಕ್ಕಿರುತ್ತದೆ ಅಂತ ನಮಗೆ ರೂಢಿ. ಅಲ್ಲಿ ಅದು ಬಲಕ್ಕೆ. ಹಾಗಾಗಿ ಇಲ್ಲಿಂದ ಹೋದವರ ಬಲಗಡೆ ಚಕ್ರಗಳೇ ಮೊದಲು ಟ್ರ್ಯಾಕ್ ಬಿಟ್ಟು ಮಣ್ಣಿಗಿಳಿಯುವುದು.

ಕಂಪ್ಯೂಟರ್ ಸಿಮ್ಯುಲೇಟರ್ ಇದ್ದರೆ ಗೇರ್ ಲಿವರನ್ನು ಬಲಗಡೆಗೆ ಕಟ್ಟಿಕೊಂಡು ಅಭ್ಯಾಸ ಮಾಡು. ಥಂಡರ್‌ಹಿಲ್‌ನ 3 ಮೈಲಿ ಸುತ್ತಿನಲ್ಲಿ 15 ತಿರುವುಗಳಿವೆ. ಐದನೆಯದು ದಿಬ್ಬ ಹತ್ತಿ ಇಳಿಯುವಂಥದ್ದು, ನೆತ್ತಿ ಮುಟ್ಟುವವರೆಗೆ ಆಚೆ ಏನಿದೆ ಕಾಣುವುದಿಲ್ಲ. ಅಲ್ಲಿ ದೂರದ ಗುರುತು ಇಟ್ಟುಕೊಳ್ಳದೆ ಹೋದರೆ ಆಗದು. ಗೋವಾ ಕಡೆ ಹೋಗಿ ಕಾರ್ಟಿಂಗನ್ನೂ ಮಾಡು, ಲ್ಯಾಪ್ ಟೈಮಿಗಾಗಿ ಅಲ್ಲ, ಹಿಂದೆ ಮುಂದೆ ಗಾಡಿಗಳಿರುವಾಗ ಗೆರೆ ತಪ್ಪದಂತೆ ಓಡಿಸಲಿಕ್ಕೆ. ಪೂರ್ತಿ ಅಳತೆಯ ಟ್ರ್ಯಾಕೇ ಬೇಕೆಂದರೆ ಚೆನ್ನೈ ಬಳಿಯ ಇರುಂಗಾಟ್ಟುಕೋಟೈ ಸರ್ಕ್ಯೂಟ್ ಇದೆ, 3.717 ಕಿ.ಮೀ. ಇಲ್ಲವಾದರೆ ಕೊಯಮತ್ತೂರಿನ ಕರಿ ಸ್ಪೀಡ್‌ವೇ.

ವೇಗದ ಹುಚ್ಚು ಇದ್ದರೆ ಈ ಲೆಕ್ಕ ನೋಡು. ಟ್ರ್ಯಾಕ್ ಬಿಟ್ಟು ಹೊರಗೆ ಹೋದರೆ, ತಿರುಗಿ ನಿಂತರೆ, ಯಾರಿಗಾದರೂ ತಾಗಿದರೆ ಕಪ್ಪು ಬಾವುಟ, ಅಂದರೆ ಓಟ ಬಿಟ್ಟು ಪಿಟ್ಟಿಗೆ (ಟ್ರ್ಯಾಕ್ ಪಕ್ಕದಲ್ಲಿ ಗಾಡಿ ನಿಲ್ಲಿಸುವ ಜಾಗ) ಬರಬೇಕು. ತಾಗಿದ್ದರೆ ತಪ್ಪು ಯಾರದೆಂದು ಕೇಳುವುದಿಲ್ಲ, ಇಬ್ಬರನ್ನೂ ಒಳಗೆ ಕರೆಯುತ್ತಾರೆ. ಅಲ್ಲಿ 5 ನಿಮಿಷ ಹೋಯಿತು ಅಂತಿಟ್ಟುಕೊ, ಅಂದರೆ 300 ಸೆಕೆಂಡ್. ಸುತ್ತಿಗೆ 2 ಸೆಕೆಂಡ್ ಜೋರಾಗಿ ಓಡಿಸಿ ಅದನ್ನು ತುಂಬಿಸಲು 150 ಸುತ್ತು ಬೇಕು. ಸುತ್ತಿಗೆ ಎರಡೂಕಾಲು ನಿಮಿಷದಂತೆ ಐದೂವರೆ ಗಂಟೆ ದಾಟುತ್ತದೆ! ಹೆಸರಿನಲ್ಲಿ 24 ಇದ್ದರೂ ಹೆಚ್ಚಿನ ಸಲ ಓಟ ಎರಡು ಹಗಲಿನಲ್ಲಿ ಒಟ್ಟು 14–15 ಗಂಟೆ ಅಷ್ಟೇ. ಒಂದೇ ಒಂದು ಸ್ಪಿನ್ ಅದರಲ್ಲಿ ಮೂರನೇ ಒಂದು ಪಾಲು ಶ್ರಮ ತಿಂದುಹಾಕುತ್ತದೆ. ಹಿಂದಿನಿಂದ ಜೋರಾಗಿ ಬರುವವನಿಗೆ ದಾರಿ ಬಿಡಲು ಹೋಗಿ ಹಟಾತ್ತನೆ ಪಕ್ಕಕ್ಕೆ ಸರಿಯಬೇಡ. ನಿನ್ನ ಗೆರೆಯಲ್ಲೇ ಇರು, ದಾಟುವ ಹೊಣೆ ಅವನದು. ಹಳದಿ ಬಾವುಟ ಕಂಡರೆ ಓವರ್‌ಟೇಕ್ ಇಲ್ಲ, ಅವಘಡದ ಜಾಗ ದಾಟಿ ಬಾವುಟವಿಲ್ಲದ ಪೋಸ್ಟ್ (ಟ್ರ್ಯಾಕ್ ಸಿಬ್ಬಂದಿ ನಿಲ್ಲುವ ಜಾಗ) ಬರುವವರೆಗೂ ಇಲ್ಲ.

ಬೈತಖೋಲ, ಕಾರವಾರ

ಕಾರಿನ ಮಾತಿಗೆ ಬರುತ್ತೇನೆ. 500 ಡಾಲರ್ ಮಿತಿ ಗಾಡಿಗೆ ಮಾತ್ರ. ಸುರಕ್ಷತೆಯ ಸಾಮಾನು, ಬ್ರೇಕು, ಚಕ್ರ, ಟೈರು ಆ ಲೆಕ್ಕದಲ್ಲಿ ಬರುವುದಿಲ್ಲ. ಆದ್ದರಿಂದ ಹಣ ಇದ್ದರೆ ಅಲ್ಲಿಗೇ ಹೋಗಲಿ, ಎಂಜಿನ್ ಪವರಿಗೆ ಒಂದು ಪೈಸೆಯೂ ಬೇಡ.

ಇಂಥ ರೇಸುಗಳಲ್ಲಿ ಗಾಡಿ ಮಲಗುವುದು ಹೆಚ್ಚಾಗಿ ಬಿಸಿಯಿಂದ. ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ಹೆಡ್ ಮತ್ತು ಬ್ಲಾಕಿನ ನಡುವಿನ ಸೀಲು) ಹೋಗುತ್ತದೆ. ರೇಡಿಯೇಟರ್ ಹೊಸದಿರಲಿ, ಹೋಸ್ ಪೈಪು ಮತ್ತು ಕ್ಲಿಪ್ಪು ಎಲ್ಲ ಹೊಸವು. ಮುಂಭಾಗದಿಂದ ಬರುವ ಗಾಳಿ ರೇಡಿಯೇಟರಿನ ಪಕ್ಕದಿಂದ ನುಸುಳಿ ಹೋಗದಂತೆ ಸಂದುಗಳನ್ನು ತಗಡಿನಿಂದಲೋ ಫೋಮಿನಿಂದಲೋ ಮುಚ್ಚಬೇಕು. ಇದಕ್ಕೆ ಖರ್ಚೇ ಇಲ್ಲ, ಆದರೂ ಯಾರೂ ಮಾಡುವುದಿಲ್ಲ. ಥರ್ಮೋಸ್ಟಾಟ್ ಕಿತ್ತೆಸೆಯುವ ನಮ್ಮೂರ ಚಾಳಿ ಅಲ್ಲಿ ಬೇಡ. ರೇಡಿಯೇಟರಿಗೆ ಹೊಸ ಕ್ಯಾಪ್ ಹಾಕಲಿ. 1.1 ಬಾರ್ ಒತ್ತಡ ಹಿಡಿದುಕೊಂಡರೆ ನೀರು ಸುಮಾರು 120 ಡಿಗ್ರಿವರೆಗೆ ಕುದಿಯುವುದಿಲ್ಲ. ಕ್ಯಾಪಿನ ರಬ್ಬರ್ ಸತ್ತಿದ್ದರೆ 100ಕ್ಕೇ ಕುದಿಯುತ್ತದೆ. ಗ್ಲೈಕಾಲ್ ಕೂಲೆಂಟ್ ಚೆಲ್ಲಿದರೆ ಟ್ರ್ಯಾಕ್ ಜಾರುತ್ತದೆ ಅಂತ ಎಷ್ಟೋ ಕಡೆ ಅದನ್ನು ಬಿಡುವುದಿಲ್ಲ. ಶುದ್ಧ ನೀರಿಗೆ ತುಕ್ಕು ತಡೆಯುವ ದ್ರಾವಣ ಸೇರಿಸಿ ಹಾಕುವುದು ರೂಢಿ.

ಕಂಪನಿ ಟೆಂಪರೇಚರ್ ಮುಳ್ಳನ್ನು ನಂಬಬೇಡಿ. ನೀರೆಲ್ಲ ಸೋರಿಹೋದ ಮೇಲೆ ಸೆನ್ಸರ್ ಬರೀ ಗಾಳಿಯಲ್ಲಿ ನಿಂತು ಕಡಿಮೆ ತೋರಿಸುತ್ತದೆ, ಎಂಜಿನ್ ಒಳಗೆ ಬೇಯುತ್ತಿರುತ್ತದೆ. ಬೇರೆ ಮೀಟರ್ ಹಾಕಿ. ಅದಕ್ಕಿಂತ ಮುಖ್ಯವಾಗಿ ಸ್ಟೀರಿಂಗ್ ಎದುರಿಗೇ ದೊಡ್ಡ ಕೆಂಪು ದೀಪ, ಆಯಿಲ್ ಪ್ರೆಷರ್ 1.4 ಬಾರ್‌ಗಿಂತ ಕೆಳಗಿಳಿದರೆ ಹತ್ತುವ ಹಾಗೆ. ದೀಪ ಹತ್ತಿದರೆ ಯೋಚನೆ ಮಾಡುತ್ತ ಪಿಟ್‌ವರೆಗೆ ಬರುವುದಲ್ಲ, ಅಲ್ಲೇ ಕ್ಲಚ್ ಒತ್ತಿ ಎಂಜಿನ್ ಬಂದ್. ಉದ್ದನೆಯ ತಿರುವಿನಲ್ಲಿ ಆಯಿಲ್ ಚೇಂಬರಿನ ಒಂದು ಬದಿಗೆ ಹೋಗಿ ಪಂಪು ಗಾಳಿ ಎಳೆಯುತ್ತದೆ. ಚೇಂಬರಿಗೆ ಅಡ್ಡತಗಡು ಹಾಕಿಸುವುದು ಒಳ್ಳೆಯದು. ಆಗದಿದ್ದರೆ ಅರ್ಧ ಲೀಟರ್ ಜಾಸ್ತಿ ಹಾಕಿ, ಪ್ರತಿ ಪಿಟ್ ಸ್ಟಾಪಿನಲ್ಲೂ ಕಡ್ಡಿ ನೋಡಿ. ರೆಡ್‌ಲೈನಿಗಿಂತ 800–1000 ಆರ್‌ಪಿಎಂ ಮೊದಲೇ ಗೇರ್ ಬದಲಿಸಿದರೆ ಕಳೆದುಕೊಳ್ಳುವುದು ತೀರಾ ಕಡಿಮೆ, ಉಳಿಯುವುದು ಎಂಜಿನ್ನೇ.

ಬ್ರೇಕು. ಮಾಮೂಲಿ ಪ್ಯಾಡ್ ಒಂದು ಗಂಟೆಯಲ್ಲಿ ಪುಡಿಯಾಗುತ್ತದೆ, ಎಂಡ್ಯೂರೆನ್ಸ್ ಪ್ಯಾಡೇ ಬೇಕು. ಬ್ರೇಕ್ ಆಯಿಲ್ ನೀರು ಹೀರುತ್ತದೆ. ಡಾಟ್ 4 ದರ್ಜೆಯ ಆಯಿಲ್ ಹೊಸದಿದ್ದಾಗ ಕುದಿಯಲು ಕನಿಷ್ಠ 230 ಡಿಗ್ರಿ ಬೇಕು, ನೀರು ಹೀರಿದ ಮೇಲೆ 155ಕ್ಕೇ ಕುದಿಯಬಹುದು. ಕುದಿದರೆ ಪೈಪಿನಲ್ಲಿ ಆವಿ ತುಂಬಿ ಪೆಡಲ್ ನೆಲಕ್ಕೆ ಹೋಗುತ್ತದೆ. ಸೀಲ್ ಒಡೆದು ಇಟ್ಟಿದ್ದ ಡಬ್ಬಿ ಬಳಸಬಾರದು, ನಮ್ಮ ಕರಾವಳಿಯ ಮಳೆಗಾಲದಲ್ಲಂತೂ ತೆರೆದ ಡಬ್ಬಿಗೆ ಬೆಲೆಯೇ ಇಲ್ಲ. ರೇಸಿನ ಹಿಂದಿನ ವಾರ ಪೂರ್ತಿ ಹಳೆಯದನ್ನು ತೆಗೆದು ಹೊಸದು ಹಾಕಿ ಏರ್ ತೆಗೆಯಿರಿ, ಯಾವ ಚಕ್ರ ಮೊದಲು ಎಂಬುದು ಆ ಗಾಡಿಯ ಮ್ಯಾನ್ಯುಯಲ್ ಹೇಳಿದಂತೆ. ಕ್ಯಾಲಿಪರಿನ ಸ್ಲೈಡ್ ಪಿನ್ ಬಿಗಿಯಾಗಿದ್ದರೆ ಒಳಗಿನ ಪ್ಯಾಡ್ ಮಾತ್ರ ಸವೆಯುತ್ತದೆ. ಹೊರಗಿನದನ್ನು ನೋಡಿ ಇನ್ನೂ ದಪ್ಪ ಇದೆ ಅಂತ ಮೋಸಹೋಗುವುದು ಇಲ್ಲೇ. ಪಿಟ್ಟಿಗೆ ಬಂದು ನಿಂತಾಗ ಹ್ಯಾಂಡ್ ಬ್ರೇಕ್ ಎಳೆಯಬೇಡಿ, ಬ್ರೇಕ್ ಪೆಡಲ್ ಒತ್ತಿ ಹಿಡಿಯಲೂ ಬೇಡಿ. ಕಾದ ಡಿಸ್ಕಿಗೆ ಪ್ಯಾಡ್ ಅಂಟಿ ಆಮೇಲೆ ಅದುರಲು ಶುರುವಾಗುತ್ತದೆ. ಚಕ್ರಕ್ಕೆ ಮರದ ತುಂಡು ಕೊಡಿ.

ವ್ಹೀಲ್ ಬೇರಿಂಗ್: ಈ ಸಿವಿಕ್ಕಿನ ಮುಂದಿನ ಬೇರಿಂಗನ್ನು ಸ್ಟೀರಿಂಗ್ ನಕಲ್‌ಗೆ (ಚಕ್ರದ ಹಬ್ ಹಿಡಿದಿಡುವ ತುಂಡು) ಪ್ರೆಸ್‌ನಲ್ಲೇ ಕೂರಿಸಬೇಕು, ಪಿಟ್ಟಿನಲ್ಲಿ ಸುತ್ತಿಗೆಯಿಂದ ಆಗುವ ಕೆಲಸ ಅಲ್ಲ. ಹಾಗಾಗಿ ಬೇರಿಂಗ್, ಹಬ್ ಸಮೇತ ಜೋಡಿಸಿಟ್ಟ ಪೂರ್ತಿ ನಕಲ್ ಎಡಕ್ಕೊಂದು ಬಲಕ್ಕೊಂದು ಒಯ್ಯಿರಿ. ಎಕ್ಸೆಲ್ ಬೂಟ್ (ಗ್ರೀಸ್ ಹಿಡಿದಿಡುವ ರಬ್ಬರ್ ಚೀಲ) ಹರಿದಿದ್ದರೆ ಈಗಲೇ ಬದಲಿಸಿ. ಗ್ರೀಸ್ ಹಾರಿ ಕಾದ ಬ್ರೇಕಿನ ಮೇಲೆ ಬಿದ್ದರೆ ಹೊಗೆ, ಒಮ್ಮೊಮ್ಮೆ ಬೆಂಕಿ. ಚಕ್ರದ ನಟ್ಟು 108 ನ್ಯೂಟನ್ ಮೀಟರ್, ಟಾರ್ಕ್ ರೆಂಚ್‌ನಲ್ಲೇ. ಮೊದಲ ಅಭ್ಯಾಸ ಓಟ ಮುಗಿದು ತಣ್ಣಗಾದ ಮೇಲೆ ಮತ್ತೊಮ್ಮೆ.

ಆ ಕಾಲದ ಹೋಂಡಾಗಳಿಗೇ ಇರುವ ಎರಡು ಕಾಯಿಲೆ: ಡೆಲ್ಕೋ (ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್) ಒಳಗಿನ ಇಗ್ನೈಟರ್, ಕಾಯಿಲ್ ಬಿಸಿಗೆ ಸಾಯುವುದು, ಮತ್ತೆ ಡ್ಯಾಶ್ ಕೆಳಗಿನ ಮೇನ್ ರಿಲೇಯ (ಪೆಟ್ರೋಲ್ ಪಂಪಿಗೆ ಕರೆಂಟು ಕೊಡುವ ಸ್ವಿಚ್ಚು) ಸೋಲ್ಡರ್ ಬಿರುಕು ಬಿಡುವುದು. ಎರಡನೆಯದು ಬಲು ಕಪಟಿ. ಓಡುವಾಗ ಏನೂ ತೊಂದರೆ ಇಲ್ಲ, ಪೆಟ್ರೋಲ್ ಹಾಕಲು ಬಂದ್ ಮಾಡಿದರೆ ಮತ್ತೆ ಸ್ಟಾರ್ಟ್ ಆಗುವುದಿಲ್ಲ. ಅರ್ಧ ಗಂಟೆ ತಣ್ಣಗಾದರೆ ತಾನೇ ಸರಿಹೋಗುತ್ತದೆ. ಬಿಚ್ಚಿ ಮತ್ತೆ ಸೋಲ್ಡರ್ ಹಾಕಿಸಿದರೆ ಸಾಕು. ಡೆಲ್ಕೋ ಒಂದು ಪೂರ್ತಿ ಸ್ಪೇರ್ ಇಟ್ಟುಕೊಳ್ಳಿ.

ಶರಾವತಿ ದಂಡೆ, ಹೊನ್ನಾವರ

ನಡುವೆ ಬಾಯಿ ಹಾಕುತ್ತೇನೆ. ನಮ್ಮಲ್ಲೊಂದು ಹಳೇ ಮಾರುತಿ ಎಸ್ಟೀಮ್ ಇದೆ. 2 ಇಂಚಿನ ಜಿಐ ಪೈಪಿನಲ್ಲಿ ರೋಲ್ ಕೇಜ್ (ಗಾಡಿ ಉರುಳಿದರೆ ಒಳಗಿದ್ದವರನ್ನು ಕಾಯುವ ಚೌಕಟ್ಟು) ಮಾಡಿಕೊಡುತ್ತೇನೆ ಅಂತ ಇಲ್ಲಿಯ ವೆಲ್ಡರ್ ಒಬ್ಬರು ಹೇಳುತ್ತಾರೆ. ಮಾಡಿಸಬಹುದಾ?

ಬೈತಖೋಲ, ಕಾರವಾರ

ಬೇಡವೇ ಬೇಡ. ನೀರಿನ ಪೈಪಿಗೆ ಉದ್ದಕ್ಕೂ ಬೆಸುಗೆಯ ಸೀಳು ಇರುತ್ತದೆ, ಬಗ್ಗಿಸಿದಾಗ ಇಲ್ಲವೇ ಪೆಟ್ಟು ಬಿದ್ದಾಗ ಅಲ್ಲೇ ಬಿಚ್ಚಿಕೊಳ್ಳಬಹುದು. ಸತುವಿನ ಲೇಪದ ಮೇಲೆ ವೆಲ್ಡ್ ಮಾಡಿದರೆ ಒಳಗೆ ಗುಳ್ಳೆ ಉಳಿಯುತ್ತದೆ, ಆ ಹೊಗೆ ವೆಲ್ಡರಿಗೆ ಜ್ವರವನ್ನೂ ತರಿಸುತ್ತದೆ. ಜಾಗತಿಕ ಮೋಟಾರು ರೇಸಿಂಗ್ ಸಂಸ್ಥೆ ಎಫ್‌ಐಎಯ ನಿಯಮ ಕೇಳುವುದು ತಣ್ಣಗೆ ಎಳೆದ, ಸೀಳಿಲ್ಲದ ಇಂಗಾಲದ ಉಕ್ಕಿನ ಪೈಪು: ಮುಖ್ಯ ಕಮಾನಿಗೆ 45 ಮಿ.ಮೀ. ವ್ಯಾಸ 2.5 ದಪ್ಪ, ಉಳಿದವಕ್ಕೆ 38 ವ್ಯಾಸ 2.5 ದಪ್ಪ. ಲೆಮನ್ಸ್‌ನವರ ಅಳತೆ ಗಾಡಿಯ ತೂಕ ನೋಡಿಕೊಂಡು ಬೇರೆ ಇದೆ, ಅದಕ್ಕೆ ಅವರ ನಿಯಮ ಪುಸ್ತಕವೇ ಪ್ರಮಾಣ. ಕಡಲ ಬದಿಯ ಗಾಡಿಗಳಲ್ಲಿ ಇನ್ನೊಂದು ತಾಪತ್ರಯ. ಪೈಪು ಎಷ್ಟೇ ಗಟ್ಟಿ ಇರಲಿ, ಕಾಲು ಊರುವ ನೆಲದ ತಗಡು ಉಪ್ಪುಗಾಳಿಗೆ ತುಕ್ಕು ಹಿಡಿದಿದ್ದರೆ ಉರುಳಿದಾಗ ಕೇಜೇ ನೆಲ ತೂತು ಮಾಡಿಕೊಂಡು ಹೊರಗೆ ಬರುತ್ತದೆ. ಇನ್ನು, ಕೇಜ್ ಇರುವ ಗಾಡಿಯನ್ನು ಹೆಲ್ಮೆಟ್ ಇಲ್ಲದೆ ಪೇಟೆಯಲ್ಲಿ ಓಡಿಸಿದರೆ ಸಣ್ಣ ಡಿಕ್ಕಿಗೂ ತಲೆ ಪೈಪಿಗೆ ಬಡಿಯುತ್ತದೆ.

ಅಘನಾಶಿನಿ, ಕುಮಟಾ

ಉಡುಪಿನ ಪ್ರಶ್ನೆ ಹಾಗೇ ಉಳಿದಿದೆ. ಇಲ್ಲಿಯ ಐಎಸ್‌ಐ ಬೈಕ್ ಹೆಲ್ಮೆಟ್ ಅಲ್ಲಿ ನಡೆಯುವುದಿಲ್ಲ. ಸ್ನೆಲ್ ಸಂಸ್ಥೆಯ ಎಸ್‌ಎ (ಕಾರ್ ರೇಸಿನ) ಗುರುತಿನಂಥದ್ದು ಬೇಕು. ಎಂ ಗುರುತು ಬೈಕಿನದು, ಕೆ ಗುರುತು ಕಾರ್ಟಿಂಗಿನದು, ಆ ಎರಡಕ್ಕೂ ಬೆಂಕಿಯ ಪರೀಕ್ಷೆ ಇಲ್ಲ. ಕುತ್ತಿಗೆ ಕಾಯುವ ಹ್ಯಾನ್ಸ್ ಥರದ ಸಾಧನಕ್ಕೆ ಎಸ್‌ಎಫ್‌ಐ (ಅಮೆರಿಕದ ರೇಸಿಂಗ್ ಸುರಕ್ಷತಾ ಸಂಸ್ಥೆ) 38.1 ಅಥವಾ ಎಫ್‌ಐಎ 8858 ಚೀಟಿ ಇರಬೇಕು. ಸೂಟಿಗೆ ಎಸ್‌ಎಫ್‌ಐ 3.2ಎ ಎಂಬ ಗುರುತು. ಅದರಲ್ಲಿ ಕೊನೆಯ ಅಂಕಿ 1 ಇದ್ದರೆ ಬೆಂಕಿಯಲ್ಲಿ ಎರಡನೇ ದರ್ಜೆಯ ಸುಟ್ಟ ಗಾಯ ಆಗಲು ಸುಮಾರು 3 ಸೆಕೆಂಡ್, 5 ಇದ್ದರೆ ಸುಮಾರು 10 ಸೆಕೆಂಡ್. ಬೆಲ್ಟ್ ಬಿಚ್ಚಿ ಹೊರಬರಲು 3 ಸೆಕೆಂಡ್ ಎಲ್ಲಿ ಸಾಕಾಗುತ್ತದೆ, 5ರದ್ದೇ ತಗೊಳ್ಳಿ. ಹೆಲ್ಮೆಟ್ ಅಲ್ಲಿಯೇ ತಲೆಗೆ ಹಾಕಿ ನೋಡಿ ಕೊಳ್ಳುವುದು ವಾಸಿ. ಒಳಗೆ ಪಾಲಿಯೆಸ್ಟರ್ ಜೆರ್ಸಿ, ನೈಲಾನ್ ಕಾಲುಚೀಲ ಹಾಕಬೇಡಿ, ಕರಗಿ ಚರ್ಮಕ್ಕೆ ಅಂಟುತ್ತವೆ. ಕನಿಷ್ಠ ಹತ್ತಿಯದಿರಲಿ.

ಬಿಸಿಲಿನ ದಿನ ಕಾರಿನೊಳಗೆ 50 ಡಿಗ್ರಿ ದಾಟುವುದುಂಟು. ಮೂರು ಪದರದ ಸೂಟಿನೊಳಗೆ ಬೆವರು ಆರುವುದೇ ಇಲ್ಲ, ನಮ್ಮ ಮೇ ತಿಂಗಳ ಸೆಕೆಯ ಹಾಗೆ. ಹಿಂದಿನ ದಿನದಿಂದಲೇ ನೀರು ಕುಡಿಯಲು ಶುರು ಮಾಡಿ, ಕೂರುವ ಎರಡು ಗಂಟೆ ಮೊದಲು ಅರ್ಧ ಲೀಟರ್. ಬರೀ ನೀರು ಕುಡಿದರೆ ಉಪ್ಪು ಇಳಿದು ತಲೆ ತಿರುಗುತ್ತದೆ. ಒಂದು ಲೀಟರಿನ ಓಆರ್‌ಎಸ್ ಪ್ಯಾಕೆಟ್ ಹತ್ತಾದರೂ ಚೀಲದಲ್ಲಿರಲಿ. ಮುರುಗಲ ಪಾನಕಕ್ಕೆ ಉಪ್ಪು ಹಾಕಿ ಒಯ್ದರೂ ಒಳ್ಳೆಯದೇ, ಅಲ್ಲಿಯವರಿಗೂ ರುಚಿ ಹತ್ತಲಿ. ತಪ್ಪುವ ಮೊದಲ ಸೂಚನೆ ಬಾಯಾರಿಕೆ ಅಲ್ಲ, ಬ್ರೇಕ್ ಗುರುತು ಮರೆಯುವುದು. ಒಂದೇ ತಿರುವಿನಲ್ಲಿ ಎರಡು ಸಲ ತಡವಾಗಿ ಬ್ರೇಕ್ ಹಾಕಿದಿರಾದರೆ ರೇಡಿಯೋದಲ್ಲಿ ಹೇಳಿ ಒಳಗೆ ಬನ್ನಿ.

ಶಾಲ್ಮಲಾ, ಶಿರಸಿ

ಎಲ್ಲರಿಗೂ ಧನ್ಯವಾದ. ಮೇನ್ ರಿಲೇ ವಿಷಯ ಅಣ್ಣನಿಗೆ ಕಳಿಸಿದೆ. ಅವರ ಗಾಡಿ ಬಿಸಿಯಾದಾಗ ಸ್ಟಾರ್ಟ್ ಆಗುವುದಿಲ್ಲವಂತೆ, ಬ್ಯಾಟರಿ ಬದಲಿಸಿ ಕೂತಿದ್ದರು! ಟ್ಯಾಂಕು 45 ಲೀಟರ್. ಒಬ್ಬೊಬ್ಬರು ಎರಡೂವರೆ ಗಂಟೆ ಓಡಿಸುವ ಲೆಕ್ಕ ಹಾಕಿದ್ದಾರೆ, ಸರಿಯೇ?

ಬೈತಖೋಲ, ಕಾರವಾರ

ಆಗಲಿಕ್ಕಿಲ್ಲ. ರೇಸ್ ವೇಗದಲ್ಲಿ ಆ ಎಂಜಿನ್ ಗಂಟೆಗೆ 20ರಿಂದ 25 ಲೀಟರ್ ಕುಡಿಯುತ್ತದೆ. ಕೊನೆಯ 8–10 ಲೀಟರ್ ಲೆಕ್ಕಕ್ಕಿಲ್ಲ ಅಂತ ಇಟ್ಟುಕೊಳ್ಳಿ. ತಿರುವಿನಲ್ಲಿ ಪೆಟ್ರೋಲ್ ಪಕ್ಕಕ್ಕೆ ಸರಿದು ಪಂಪು ಗಾಳಿ ಎಳೆದು ಗಾಡಿ ಮುಗ್ಗರಿಸುತ್ತದೆ. ಉಳಿದ 35 ಲೀಟರಿಗೆ ಒಂದೂವರೆ ಗಂಟೆ, ಹೆಚ್ಚೆಂದರೆ ಒಂದೂಮುಕ್ಕಾಲು ಗಂಟೆ. ಮೊದಲ ಸ್ಟಾಪಿನಲ್ಲಿ ಎಷ್ಟು ಹಿಡಿಯಿತು ಎಂದು ಅಳೆದು ಬರೆದಿಟ್ಟುಕೊಂಡು ಮುಂದಿನದನ್ನು ತೀರ್ಮಾನಿಸಲಿ.

ಪೆಟ್ರೋಲ್ ಹಾಕುವಾಗ ಎಂಜಿನ್ ಬಂದ್, ಡ್ರೈವರ್ ಹೊರಗೆ, ಕ್ಯಾನ್ ಹಿಡಿದವರಿಗೂ ಪೂರ್ತಿ ಸೂಟು ಹೆಲ್ಮೆಟ್, ಪಕ್ಕದಲ್ಲೊಬ್ಬ ಬೆಂಕಿ ಆರಿಸುವ ಸಿಲಿಂಡರ್ ಹಿಡಿದು ಸುಮ್ಮನೆ ನಿಂತಿರಬೇಕು, ಅವನಿಗೆ ಬೇರೆ ಕೆಲಸ ಹಚ್ಚಬಾರದು. ಮುಚ್ಚಳ ಹಾಕಿ, ಚೆಲ್ಲಿದ್ದು ಒರೆಸಿದ ಮೇಲೇ ಹೊಸ ಡ್ರೈವರ್ ಒಳಗೆ. ಬೆಲ್ಟಿನಲ್ಲಿ ಮೊದಲು ಸೊಂಟದ್ದು, ಹೊಟ್ಟೆಯ ಮೇಲಲ್ಲ, ಕೆಳಗೆ ಸೊಂಟದ ಎಲುಬಿನ ಮೇಲೆ, ಉಸಿರು ಬಿಟ್ಟು ಬಿಗಿಯಬೇಕು. ಭುಜದ್ದು ಆಮೇಲೆ. ಮೊದಲೇ ಭುಜದ್ದು ಎಳೆದರೆ ಸೊಂಟದ ಪಟ್ಟಿ ಹೊಟ್ಟೆಗೆ ಏರುತ್ತದೆ. ಐದೂ ಜನ ಒಂದೇ ಎತ್ತರದವರಲ್ಲದಿದ್ದರೆ ಗಿಡ್ಡವರಿಗೆ ಬೆನ್ನ ಹಿಂದೆ ಇಡುವ ದಿಂಬನ್ನು ಈಗಲೇ ಹೊಲಿಸಿಟ್ಟುಕೊಳ್ಳಲಿ, ಕ್ಲಚ್ಚು ಪೂರ್ತಿ ತಳಕ್ಕೆ ಒತ್ತಿದಾಗಲೂ ಮಂಡಿ ಸ್ವಲ್ಪ ಬಾಗಿರಬೇಕು.