ಕಾರವಾರದ ಫಲಕಕ್ಕೆ: ಕೊಲ್ಲಿಯೋ, ಖಾಡಿಯೋ?

ನಮಸ್ಕಾರ. ಕಾರವಾರದ ಕಡಲತೀರದಲ್ಲಿ ನಿಲ್ಲಿಸುವ ಫಲಕವೊಂದನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಸಂಜೆ ಅಚ್ಚಿಗೆ ಕೊಡಬೇಕು. 'ಬೇ' ಇದ್ದಲ್ಲೆಲ್ಲ 'ಕೊಲ್ಲಿ' ಅಂತ ಬರೆದೆ. ಬಂಗಾಳ ಕೊಲ್ಲಿಗೂ ಇಲ್ಲಿನ ಬೈತಖೋಲದ ಪುಟ್ಟ ಬಾಗಿಗೂ ಒಂದೇ ಪದ ಸರಿಯಾ? ಕಾಳಿ ನದಿ ಕಡಲು ಸೇರುವ ಕಡೆಯ 'ಎಸ್ಚುರಿ'ಗೆ ಏನು ಹಾಕಲಿ? ಅಲ್ಲಿಯವರು ಖಾಡಿ ಅನ್ನುತ್ತಾರೆ. ಬೈತಖೋಲ ಅಂದರೆ ಅರಬ್ಬಿಯ 'ಬೈತ್-ಎ-ಕೋಲ್', 'ಸುರಕ್ಷಿತ ಕೊಲ್ಲಿ' ಅಂತಲೂ ಮೂಲದಲ್ಲಿದೆ.

ಉತ್ತರ 1

ಕೊಲ್ಲಿ ಸಾಕು. ಬಂಗಾಳ ಕೊಲ್ಲಿ, ಪರ್ಷಿಯಾ ಕೊಲ್ಲಿ: ಇಂಗ್ಲಿಷಿಗೆ ಅಲ್ಲಿ ಎರಡು ಪದ ಬೇಕು, ನಮಗೆ ಒಂದೇ. ಕೊಲ್ಲಿ ಅಂದರೆ ಬಾಗು, ಮೂಲೆ. ಕೊಡಗಿನಲ್ಲಿ ಸಣ್ಣ ತೊರೆಯೂ ಕೊಲ್ಲಿಯೇ. ಅಳತೆಯ ಪ್ರಶ್ನೆ ಎಲ್ಲಿಂದ ಬಂತು? ಕೊಲ್ಲಿಗೆ ಬದಲು 'ಉಪಸಾಗರ' ಬೇಡವೇ ಬೇಡ. ಖಾಡಿ ಮರಾಠಿ, ಕೊಂಕಣಿಯದು. ಕನ್ನಡದಲ್ಲಿ ಅಳಿವೆ ಇದೆ. ಮುಗೀತು.

ಉತ್ತರ 2

ಮುಗಿದಿಲ್ಲ ಸರ್. ನಾನು ಕಾರವಾರದವಳು. ನದಿ ಕಡಲು ಸೇರುವ ಬಾಯಿ ಅಳಿವೆ. ಭರತದಲ್ಲಿ ಉಪ್ಪುನೀರು ಏರಿ ಬರುವ ಅಷ್ಟುದ್ದವೂ ಖಾಡಿ. ಸದಾಶಿವಗಡದ ಸೇತುವೆ ಮೇಲೆ ನಿಂತರೆ ಎರಡೂ ಕಾಣುತ್ತವೆ. ಒಂದನ್ನು ಅಳಿಸಿ ಇನ್ನೊಂದನ್ನು ಉಳಿಸಿದರೆ ಅರ್ಥವೇ ಹೋಗುತ್ತದೆ.

ಆ ಅರಬ್ಬಿ ಕಥೆಯನ್ನು ದಯವಿಟ್ಟು ಕೆತ್ತಿಸಬೇಡಿ. ಅರಬ್ಬಿಯಲ್ಲಿ 'ಬೈತ್' ಅಂದರೆ ಮನೆ, ಕೊಲ್ಲಿ ಅಲ್ಲ. 'ಬೈತ್-ಎ' ಅನ್ನುವ ಜೋಡಣೆ ಪಾರ್ಸಿಯದು. ಕೊಂಕಣಿಯಲ್ಲಿ ಖೋಲ ಅಂದರೆ ಆಳ. ಅಲ್ಲಿಂದ ಹುಡುಕಬೇಕಲ್ವಾ? ಜಾಗ ಸುರಕ್ಷಿತ ಅನ್ನುವುದು ಮಾತ್ರ ನಿಜ. ಗುಡ್ಡ ಅಡ್ಡ ಇದೆ. ಹೊರಗೆ ದೇವಗಡ, ಕೂರ್ಮಗಡ ದ್ವೀಪಗಳಿವೆ. ಗಾಳಿ ಎದ್ದರೆ ಮಲ್ಪೆಯ ದೋಣಿಗಳೂ ಇಲ್ಲಿಗೆ ಬಂದು ನಿಲ್ಲುತ್ತವೆ. ಅದನ್ನು ಬರೆಯಿರಿ.

ಉತ್ತರ 1

ಕೊಂಕಣಿ ಪದ ಕೊಂಕಣಿ ಫಲಕದಲ್ಲಿರಲಿ. ಹೀಗೆ ಒಂದೊಂದೇ ಬಿಟ್ಟುಕೊಟ್ಟರೆ ಕನ್ನಡಕ್ಕೆ ಉಳಿಯುವುದೇನು?

ಉತ್ತರ 2

ಹಾಗಾದರೆ ಬಂದರು, ಲಂಗರು ಎರಡನ್ನೂ ತೆಗೆಯಿರಿ. ಎರಡೂ ಪಾರ್ಸಿಯಿಂದ ಬಂದವು. 1638ರಲ್ಲಿ ಇಂಗ್ಲಿಷರು ಇಲ್ಲಿ ವ್ಯಾಪಾರದ ಕೋಠಿ ಹಾಕಿದರು. ಅದಕ್ಕೂ ಮುಂಚಿನಿಂದ ಈ ಕರಾವಳಿಗೆ ಅರಬ್ಬರು, ಪೋರ್ಚುಗೀಸರು ಬಂದುಹೋದವರು. ದೋಣಿ ಬಂದ ಕಡೆ ಪದವೂ ಬರುತ್ತದೆ. ನನ್ನ ಅಜ್ಜಿಗೆ ಕನ್ನಡ ಮಾತಾಡುವಾಗಲೂ ಖಾಡಿ ಖಾಡಿಯೇ ಆಗಿತ್ತು.

ಕೇಳಿದವರಿಂದ

ಇಬ್ಬರಿಗೂ ಧನ್ಯವಾದ. 'ಕಾರವಾರ ಕೊಲ್ಲಿ', 'ಕಾಳಿ ಅಳಿವೆ' ಅಂತ ಹಾಕಿ, ಕೆಳಗಿನ ಸಾಲಿನಲ್ಲಿ 'ಊರವರು ಖಾಡಿ ಎನ್ನುವ ಹಿನ್ನೀರು' ಎಂದು ಸೇರಿಸುತ್ತೇನೆ. ಅರಬ್ಬಿ ಸಾಲನ್ನು ತೆಗೆದಿದ್ದೇನೆ. 'ಹಿನ್ನೀರು' ಅಂದರೆ ಓದುವವರು ಇದೇ ನದಿಯ ಕದ್ರಾ ಅಣೆಕಟ್ಟಿನದು ಅಂದುಕೊಳ್ಳಬಹುದೇ? ನಾಳೆ ಮಧ್ಯಾಹ್ನದೊಳಗೆ ಹೇಳಿ.