ಇಂಜಿನ್ ನಿಂತರೆ ಕಾರು ಆಫ್ ಆದಂತಲ್ಲ: ಆಟೋಮ್ಯಾಟಿಕ್ ಕಾರಿನವರ ಪ್ರಶ್ನೆಗಳಿಗೆ ಮೆಕ್ಯಾನಿಕ್ ಉತ್ತರ

ಅಡ್ಮಿನ್: ಈ ವಾರ ನಮ್ಮ ಗುಂಪಿನ ಮೆಕ್ಯಾನಿಕ್ ಅಣ್ಣ ಉತ್ತರ ಕೊಡುತ್ತಾರೆ. ಬೆಂಗಳೂರಿನಲ್ಲಿ 22 ವರ್ಷದಿಂದ ಗ್ಯಾರೇಜ್ ಕೆಲಸ. ವಿಷಯ ಎರಡೇ. ಸಿಗ್ನಲ್‌ನಲ್ಲಿ ಇಂಜಿನ್ ತಾನೇ ನಿಂತು ತಾನೇ ಶುರುವಾಗುವ ಸ್ಟಾರ್ಟ್-ಸ್ಟಾಪ್, ಕಾಲು ತೆಗೆದರೂ ಬ್ರೇಕ್ ಹಿಡಿದಿಡುವ ಆಟೋ ಹೋಲ್ಡ್. ಹೆಸರು ಬೇಡ, ಊರು ಹಾಕಿ ಸಾಕು. ಕೇಳಿದ್ದನ್ನೇ ಮತ್ತೆ ಕೇಳಬೇಡಿ, ಮೇಲೆ ಓದಿಕೊಂಡು ಬನ್ನಿ.

ತುಮಕೂರು: ಅಣ್ಣಾ, ಕಾರು ತಗೊಂಡು 4 ತಿಂಗಳಾಯಿತು. ಪೆಟ್ರೋಲ್ ಸಿವಿಟಿ, ಅಂದರೆ ಒಂದು ಬಗೆಯ ಆಟೋಮ್ಯಾಟಿಕ್. ಬೆಳಿಗ್ಗೆ ಸಿಗ್ನಲ್‌ನಲ್ಲಿ ಇಂಜಿನ್ ನಿಲ್ಲುವುದೇ ಇಲ್ಲ, ಸಂಜೆ ನಿಲ್ಲುತ್ತದೆ. ಮಧ್ಯಾಹ್ನ ನಿಂತು, ನಾನು ಬ್ರೇಕ್ ಬಿಡುವ ಮೊದಲೇ ತಾನಾಗಿ ಸ್ಟಾರ್ಟ್ ಆಗುತ್ತದೆ. ಕೆಟ್ಟಿದೆಯಾ?

ಮೆಕ್ಯಾನಿಕ್: ಕೆಟ್ಟಿಲ್ಲ. ಇಂಜಿನ್ ನಿಲ್ಲಿಸುವ ಮುಂಚೆ ಕಾರು ಬಹಳಷ್ಟು ನೋಡಿಕೊಳ್ಳುತ್ತದೆ. ಇಂಜಿನ್ ಬಿಸಿಯಾಗಿದೆಯಾ, ಬ್ಯಾಟರಿಯಲ್ಲಿ ಚಾರ್ಜ್ ಇದೆಯಾ, ಒಳಗೆ ತಂಪು ಸಾಕಾಗಿದೆಯಾ, ಬೆಲ್ಟ್ ಹಾಕಿದೆಯಾ, ಬಾಗಿಲು, ಬಾನೆಟ್ ಮುಚ್ಚಿದೆಯಾ, ಹೀಗೆ. ಬೆಳಿಗ್ಗೆ ಇಂಜಿನ್ ತಣ್ಣಗಿರುತ್ತದೆ, ಹಾಗಾಗಿ ನಿಲ್ಲಿಸುವುದಿಲ್ಲ. ಮಧ್ಯಾಹ್ನ ಒಳಗೆ ಸೆಕೆ ಏರಿದ ಕೂಡಲೇ ಎಸಿ ಕಂಪ್ರೆಸರ್ ತಿರುಗಬೇಕು. ಅದನ್ನು ತಿರುಗಿಸುವುದು ಇಂಜಿನ್ ತಾನೇ? ಅದಕ್ಕೇ ಸ್ಟಾರ್ಟ್ ಆಗುತ್ತದೆ. ನಿಂತಾಗ ಬ್ರೇಕ್ ಪೆಡಲನ್ನು ಸುಮ್ನೆ ಒತ್ತಿ ಬಿಟ್ಟು ಮಾಡಿದರೂ ಹೀಗೇ ಆಗಬಹುದು. ಬ್ರೇಕ್ ಪೆಡಲ್ ಹಗುರ ಮಾಡುವ ಬೂಸ್ಟರ್‌ನ ವ್ಯಾಕ್ಯೂಮ್ ಕಡಿಮೆಯಾದರೆ ಅದನ್ನು ತುಂಬಿಸಲು ಇಂಜಿನ್ ಬೇಕು.

ಹುಬ್ಬಳ್ಳಿ: ಇದರಿಂದ ಪೆಟ್ರೋಲ್ ನಿಜವಾಗಿ ಉಳಿಯುತ್ತದೆಯೇನ್ರೀ? ಇಲ್ಲಾ ಕಂಪನಿಯವರ ಲೆಕ್ಕಕ್ಕೆ ಮಾತ್ರವಾ?

ಮೆಕ್ಯಾನಿಕ್: ಎರಡೂ ಹೌದು. ನಿಂತಲ್ಲೇ ಓಡುವ ಸಾಧಾರಣ ಪೆಟ್ರೋಲ್ ಇಂಜಿನ್ ಗಂಟೆಗೆ ಹೆಚ್ಚುಕಮ್ಮಿ ಅರ್ಧದಿಂದ ಒಂದು ಲೀಟರ್ ಕುಡಿಯುತ್ತದೆ. ಸಿಲ್ಕ್ ಬೋರ್ಡ್ ಕಡೆ ದಿನಾ ಅರ್ಧ ಗಂಟೆ ನಿಲ್ಲುವವರಿಗೆ ಉಳಿತಾಯ ಕಾಣುತ್ತದೆ. ನಿಮ್ಮ ಹುಬ್ಬಳ್ಳಿ–ಧಾರವಾಡ ಓಡಾಟದಲ್ಲಿ ಅಷ್ಟು ಸಿಗಲಿಕ್ಕಿಲ್ಲ. ಕಂಪನಿಗಳಿಗೆ 2017ರಿಂದ ಕೆಫೆ (CAFE) ಅನ್ನುವ ಸರ್ಕಾರದ ಇಂಧನ ನಿಯಮ ಇದೆ. ಮಾರುವ ಕಾರುಗಳ ಸರಾಸರಿ ಕಾರ್ಬನ್ ಡೈಆಕ್ಸೈಡ್ ಒಂದು ಮಿತಿಯೊಳಗೆ ಇರಬೇಕು. ಅವರಿಗೂ ಇದು ಬೇಕು.

ಬೆಂಗಳೂರು, ವಿಜಯನಗರ: ಆಟೋ ಹೋಲ್ಡ್, ಹಿಲ್ ಹೋಲ್ಡ್, ಎಲೆಕ್ಟ್ರಾನಿಕ್ ಹ್ಯಾಂಡ್‌ಬ್ರೇಕ್. ಮೂರೂ ಒಂದೇನಾ ಸರ್? ಶೋರೂಮಿನಲ್ಲಿ ಮೂರನ್ನೂ ಒಂದೇ ಉಸಿರಿನಲ್ಲಿ ಹೇಳಿದರು.

ಮೆಕ್ಯಾನಿಕ್: ಮೂರೂ ಬೇರೆ. ಹಿಲ್ ಹೋಲ್ಡ್ ಅಂದರೆ ಏರಿನಲ್ಲಿ ಬ್ರೇಕಿಂದ ಕಾಲು ತೆಗೆದು ಆಕ್ಸಿಲರೇಟರ್‌ಗೆ ಇಡುವಷ್ಟು ಹೊತ್ತು ಮಾತ್ರ, ಸುಮಾರು 2 ಸೆಕೆಂಡ್, ಕಾರನ್ನು ಹಿಡಿದಿಡುತ್ತದೆ. ಆಮೇಲೆ ಬಿಟ್ಟುಬಿಡುತ್ತದೆ. ಆಟೋ ಹೋಲ್ಡ್ ನೀವು ಒತ್ತಿದ ಬ್ರೇಕ್ ಆಯಿಲ್ ಒತ್ತಡವನ್ನು ಹಾಗೇ ಹಿಡಿದುಕೊಂಡಿರುತ್ತದೆ, ಆಕ್ಸಿಲರೇಟರ್ ಒತ್ತಿದಾಗ ಬಿಡುತ್ತದೆ. ಬಹಳ ಹೊತ್ತು ನಿಂತರೆ, ಹಲವು ಕಾರುಗಳಲ್ಲಿ 10 ನಿಮಿಷ, ಅಥವಾ ಡ್ರೈವರ್ ಬಾಗಿಲು ತೆರೆದರೆ ಅದು ಎಲೆಕ್ಟ್ರಾನಿಕ್ ಹ್ಯಾಂಡ್‌ಬ್ರೇಕ್‌ಗೆ ಕೆಲಸ ದಾಟಿಸುತ್ತದೆ. ಹ್ಯಾಂಡ್‌ಬ್ರೇಕ್ ಹಿಂದಿನ ಚಕ್ರವನ್ನು ಮೋಟಾರಿನಿಂದ ಬಿಗಿಯುತ್ತದೆ. ಕಾರು ಬಿಟ್ಟು ಇಳಿಯಲು ಹ್ಯಾಂಡ್‌ಬ್ರೇಕ್. ಸಿಗ್ನಲ್‌ನಲ್ಲಿ ಕೂತಿರಲು ಆಟೋ ಹೋಲ್ಡ್. ಇಷ್ಟು ನೆನಪಿಟ್ಟುಕೊಳ್ಳಿ.

ಬಳ್ಳಾರಿ: ಸಿಎನ್‌ಜಿ ಹಾಕಿಸಿದರೆ ಸ್ಟಾರ್ಟ್-ಸ್ಟಾಪ್ ಕೆಲಸ ಮಾಡುತ್ತದಾ?

ಮಂಗಳೂರು: ಅಣ್ಣಾ, ಸ್ವಲ್ಪ ದೊಡ್ಡ ಕತೆ, ಕ್ಷಮಿಸಿ. ನಮ್ಮ ಅಪ್ಪನಿಗೆ 67. 40 ವರ್ಷ ಗೇರ್ ಕಾರು ಓಡಿಸಿದವರು. ಮಂಡಿ ನೋವು ಅಂತ ಹೋದ ವರ್ಷ ಆಟೋಮ್ಯಾಟಿಕ್ ಕೊಡಿಸಿದೆವು. ಸ್ಟಾರ್ಟ್-ಸ್ಟಾಪ್ ಇದೆ, ಆಟೋ ಹೋಲ್ಡ್ ಇಲ್ಲ, ಹ್ಯಾಂಡ್‌ಬ್ರೇಕ್ ಕೈಯಲ್ಲಿ ಎಳೆಯುವುದು. ನಮ್ಮ ಮನೆ ಗೇಟಿನ ಮುಂದೆ ಏರು. ಮೊನ್ನೆ ಗೇಟ್ ತೆರೆಯಲು ಕಾರು ನಿಲ್ಲಿಸಿದರು. ಇಂಜಿನ್ ನಿಂತಿತು. ಆಫ್ ಆಯಿತು ಅಂದುಕೊಂಡು ಬೆಲ್ಟ್ ಬಿಚ್ಚಿ ಇಳಿಯಲು ಹೋದರು. ಕಾರು ಹಿಂದಕ್ಕೆ ಉರುಳಿ ಎದುರು ಮನೆಯ ಕೆಂಪು ಕಲ್ಲಿನ ಕಾಂಪೌಂಡಿಗೆ ಹೊಡೆಯಿತು. ಅಪ್ಪ ಇನ್ನೂ ಒಂದು ಕಾಲು ಒಳಗೇ ಇಟ್ಟಿದ್ದರು, ಸೀಟಿಗೆ ವಾಪಸ್ ಬಿದ್ದು ಉಳಿದುಕೊಂಡರು. ಸರ್ವಿಸ್‌ನವರು ಕಾರಿನಲ್ಲಿ ದೋಷ ಇಲ್ಲ ಅಂದರು. ಅಪ್ಪ "ನಾನು ಗೇರಿನಲ್ಲೇ ಬಿಟ್ಟಿದ್ದೆ, ಉರುಳಲು ಹೇಗೆ ಸಾಧ್ಯ" ಅನ್ನುತ್ತಾರೆ. ಯಾರು ಹೇಳುವುದು ಸರಿ?

ಮೆಕ್ಯಾನಿಕ್: ಅಮ್ಮಾ, ಮೊದಲು ಅಪ್ಪ ಹುಷಾರಾಗಿದ್ದಾರೆ ಅಂತ ಕೇಳಿ ಸಮಾಧಾನವಾಯಿತು. ಬಾಗಿಲು ತೆರೆದ ಕಾರು ಹಿಂದಕ್ಕೆ ಉರುಳಿದರೆ ಆ ಬಾಗಿಲೇ ಮನುಷ್ಯನನ್ನು ನೆಲಕ್ಕೆ ಕೆಡವುತ್ತದೆ. ಆಮೇಲೆ ಮುಂದಿನ ಚಕ್ರ ಮೈಮೇಲೆ ಹತ್ತುತ್ತದೆ. ಹೊರಗೆ ನಿಂತು ಕಾರು ಹಿಡಿಯಲು ಹೋಗಬಾರದು ಅಂತ ಮನೆಯಲ್ಲಿ ಎಲ್ಲರಿಗೂ ಹೇಳಿ.

ಈಗ ಅಪ್ಪನ ಮಾತಿಗೆ ಬರುತ್ತೇನೆ. ಅವರು ಹೇಳಿದ್ದು ಗೇರ್ ಕಾರಿಗೆ ನೂರಕ್ಕೆ ನೂರು ಸರಿ. ಇಂಜಿನ್ ಆಫ್ ಮಾಡಿ ಫಸ್ಟ್ ಗೇರಿನಲ್ಲಿ ಬಿಟ್ಟರೆ ಚಕ್ರ ತಿರುಗಲು ಇಂಜಿನ್ನೂ ತಿರುಗಬೇಕು, ಅದಕ್ಕೇ ಕಾರು ನಿಲ್ಲುತ್ತದೆ. ನಾವೆಲ್ಲ ಹಾಗೇ ಕಲಿತವರು. ಆದರೆ ಟಾರ್ಕ್ ಕನ್ವರ್ಟರ್ ಇರುವ ಆಟೋಮ್ಯಾಟಿಕ್‌ನಲ್ಲಿ ಇಂಜಿನ್ನಿಗೂ ಚಕ್ರಕ್ಕೂ ನಡುವೆ ಇರುವುದು ಆಯಿಲ್. ಒಳಗಿನ ಕ್ಲಚ್‌ಗಳನ್ನು ಹಿಡಿದಿಡುವುದೂ ಆಯಿಲ್ ಒತ್ತಡವೇ. ಇಂಜಿನ್ ನಿಂತ ಮೇಲೆ ಡಿ (ಡ್ರೈವ್) ಅನ್ನುವುದು ಲಿವರ್ ಇರುವ ಜಾಗ ಅಷ್ಟೇ, ಅದು ಏನನ್ನೂ ಹಿಡಿಯುವುದಿಲ್ಲ. ಏರಿನಲ್ಲಿ ನ್ಯೂಟ್ರಲ್‌ನಲ್ಲಿ ಬಿಟ್ಟಂತೆಯೇ. ಪಿಗೆ (ಪಾರ್ಕ್) ಹಾಕಿದಾಗ ಮಾತ್ರ ಗೇರ್‌ಬಾಕ್ಸ್ ಒಳಗಿನ ಒಂದು ಉಕ್ಕಿನ ಕೊಕ್ಕೆ ಹಲ್ಲುಚಕ್ರಕ್ಕೆ ಸಿಕ್ಕಿಕೊಂಡು ಕಾರನ್ನು ನಿಲ್ಲಿಸುತ್ತದೆ.

ಇನ್ನೊಂದು ವಿಷಯ ಇದೆ. ಕಾಲು ಬ್ರೇಕ್ ಮೇಲೆ ಇರುವಾಗಲೇ ಬೆಲ್ಟ್ ಬಿಚ್ಚಿ ಬಾಗಿಲು ತೆರೆದರೆ ಹಲವು ಕಾರುಗಳು "ಡ್ರೈವರ್ ಇಳಿಯುತ್ತಿದ್ದಾರೆ, ಇನ್ನು ತಾನಾಗಿ ಸ್ಟಾರ್ಟ್ ಮಾಡಬಾರದು" ಅಂತ ತೀರ್ಮಾನಿಸುತ್ತವೆ. ಪಿಗೆ ಹಾಕಿ ಬಟನ್ ಒತ್ತಿದರೆ ಮಾತ್ರ ಮತ್ತೆ ಸ್ಟಾರ್ಟ್. ಕಾರು ತಾನಾಗಿ ಮುಂದೆ ನುಗ್ಗಬಾರದು ಅಂತ ಈ ವ್ಯವಸ್ಥೆ. ಆದರೆ ಏರಿನಲ್ಲಿ ಕಾಲು ತೆಗೆದ ಮೇಲೆ ಹಿಡಿಯುವವರು ಯಾರೂ ಇಲ್ಲ. ಹಿಲ್ ಹೋಲ್ಡ್ ಇದ್ದರೂ 2 ಸೆಕೆಂಡ್. ಅಷ್ಟರಲ್ಲಿ ಅಪ್ಪ ಅರ್ಧ ಇಳಿದಿರುತ್ತಾರೆ. ಕೆಲವು ಕಾರುಗಳು ಇದಕ್ಕೆ ಉಲ್ಟಾ. ಬೆಲ್ಟ್ ಬಿಚ್ಚಿದ ಕೂಡಲೇ ಇಂಜಿನ್ ಸ್ಟಾರ್ಟ್ ಆಗುತ್ತದೆ, ಲಿವರ್ ಡಿಯಲ್ಲೇ ಇದ್ದರೆ ಕಾರು ಮುಂದಕ್ಕೆ ಜಾರುತ್ತದೆ. ಎಲೆಕ್ಟ್ರಾನಿಕ್ ಹ್ಯಾಂಡ್‌ಬ್ರೇಕ್ ಇರುವ ಕೆಲವು ತಾವೇ ಬ್ರೇಕ್ ಹಾಕಿಕೊಳ್ಳುತ್ತವೆ. ಒಂದು ಕಾರಿನ ಅಭ್ಯಾಸ ಇನ್ನೊಂದಕ್ಕೆ ಆಗುವುದಿಲ್ಲ.

ಅಪ್ಪನಿಗೆ ಹೀಗೆ ರೂಢಿ ಮಾಡಿಸಿ. ಬ್ರೇಕ್ ಗಟ್ಟಿ ಒತ್ತಿ. ಎನ್‌ಗೆ (ನ್ಯೂಟ್ರಲ್) ಹಾಕಿ. ಹ್ಯಾಂಡ್‌ಬ್ರೇಕ್ ಎಳೆಯಿರಿ. ಬ್ರೇಕ್ ಮೇಲಿನ ಕಾಲನ್ನು ನಿಧಾನ ಸಡಿಲಿಸಿ, ಕಾರಿನ ಭಾರ ಹ್ಯಾಂಡ್‌ಬ್ರೇಕ್ ಮೇಲೆ ಕೂರಲಿ. ಮತ್ತೆ ಒತ್ತಿ ಪಿ. ಬಟನ್ ಒತ್ತಿ ಆಫ್ ಮಾಡಿ, ಮುಂದಿನ ಮೀಟರ್ ಕತ್ತಲಾಗುವುದನ್ನು ಕಣ್ಣಲ್ಲಿ ನೋಡಿ. ಆಮೇಲೆ ಬೆಲ್ಟ್, ಆಮೇಲೆ ಬಾಗಿಲು. ಗೇಟ್ ತೆರೆಯುವ ಒಂದು ನಿಮಿಷಕ್ಕೂ ಇದೇ. ಜೊತೆಗೆ, ಮನೆಯ ರಸ್ತೆಗೆ ತಿರುಗುವ ಮುಂಚೆ ಸ್ಟಾರ್ಟ್-ಸ್ಟಾಪ್ ಬಟನ್ ಆಫ್ ಮಾಡಲಿ. ಇಂಜಿನ್ ಸದ್ದು ಇದ್ದರೆ ಅವರ 40 ವರ್ಷದ ಕಿವಿ ತಾನೇ ಎಚ್ಚರಿಸುತ್ತದೆ.

ನನಗೆ ಎರಡು ವಿಷಯ ನೋಡಿ ಹೇಳಿ. ಸಮತಟ್ಟಾದ ಜಾಗದಲ್ಲಿ, ಸುತ್ತ ಯಾರೂ ಇಲ್ಲದಾಗ, ಡಿಯಲ್ಲೇ ಇಂಜಿನ್ ತಾನಾಗಿ ನಿಂತ ಮೇಲೆ, ಹ್ಯಾಂಡ್‌ಬ್ರೇಕ್ ಎಳೆದು, ಬ್ರೇಕ್ ಮೇಲಿನ ಕಾಲು ತೆಗೆಯದೆ ಬೆಲ್ಟ್ ಬಿಚ್ಚಿ, ಆಮೇಲೆ ಬಾಗಿಲು ಸ್ವಲ್ಪ ತೆರೆಯಿರಿ. ಕಾರು ಏನು ಮಾಡುತ್ತದೆ, ಎಚ್ಚರಿಕೆ ಸದ್ದು ಎಷ್ಟು ಜೋರಾಗಿದೆ? ಇನ್ನೊಂದು, ಹ್ಯಾಂಡ್‌ಬ್ರೇಕ್ ಎಷ್ಟು ಎತ್ತರಕ್ಕೆ ಬರುತ್ತದೆ?

ದಾವಣಗೆರೆ: ಸರ್, ನನ್ನ ಕಾರಿನಲ್ಲಿ ಎಸಿ ಹಾಕಿದರೆ ಇಂಜಿನ್ ಆಫ್ ಆಗ್ತಿಲ್ಲ, ಕಂಪ್ಲೇಂಟಾ?

ಮೆಕ್ಯಾನಿಕ್: ಇಲ್ಲ. ತುಮಕೂರಿನವರಿಗೆ ಕೊಟ್ಟ ಉತ್ತರ ಓದಿ.

ಮೈಸೂರು: ಇದು ಇನ್ನೊಂದು ಗ್ರೂಪಿನಲ್ಲಿ ಬಂದದ್ದು, ಎಲ್ಲರಿಗೂ ಉಪಯೋಗ ಆಗಲಿ ಅಂತ ಹಾಕಿದ್ದೇನೆ. "ಬಾನೆಟ್ ಸ್ವಿಚ್ಚಿನ ವೈರ್ ಕಿತ್ತುಬಿಡಿ, ಸ್ಟಾರ್ಟ್-ಸ್ಟಾಪ್ ಶಾಶ್ವತ ಬಂದ್. ಬ್ಯಾಟರಿ ವೀಕ್ ಆದರೆ ಎರಡು ಆಸ್ಪಿರಿನ್ ಮಾತ್ರೆ ಹಾಕಿ, ಹೊಸದರಂತೆ ಆಗುತ್ತದೆ."

ಮೆಕ್ಯಾನಿಕ್: ದಯವಿಟ್ಟು ಇದನ್ನು ಅಳಿಸಿ. ಬಾನೆಟ್ ಸ್ವಿಚ್ ಇರುವುದು ಯಾರಾದರೂ ಬಾನೆಟ್ ತೆರೆದು ಕೈ ಹಾಕಿದಾಗ ಇಂಜಿನ್ ತಾನಾಗಿ ಸ್ಟಾರ್ಟ್ ಆಗಿ ಬೆರಳು ಹೋಗಬಾರದು ಅಂತ. ಕಳ್ಳತನದ ಅಲಾರಂ ಕೂಡ ಅದನ್ನೇ ನೋಡುತ್ತದೆ. ಬೇಡ ಅಂದರೆ ಡ್ಯಾಶ್‌ಬೋರ್ಡಿನಲ್ಲಿ ಬಟನ್ ಇದೆ, ಒಂದು ಸಲ ಒತ್ತಿ. ಹೆಚ್ಚಿನ ಕಾರುಗಳಲ್ಲಿ ಪ್ರತಿ ಸಲ ಸ್ಟಾರ್ಟ್ ಮಾಡಿದಾಗ ಮತ್ತೆ ಒತ್ತಬೇಕು, ಅದು ಅಷ್ಟು ದೊಡ್ಡ ಕಷ್ಟವೇನಲ್ಲ. ಆಸ್ಪಿರಿನ್ ಹಾಕಿದರೆ ಒಳಗಿನ ಪ್ಲೇಟ್ ತಿಂದುಹೋಗುತ್ತದೆ. ಇನ್ನು ಸ್ಟಾರ್ಟ್-ಸ್ಟಾಪ್ ಕಾರುಗಳಿಗೆ ಬರುವ ಎಜಿಎಂ ಬ್ಯಾಟರಿ ಸೀಲ್ ಆಗಿರುತ್ತದೆ. ಅದರ ಮುಚ್ಚಳ ಮೀಟಿ ತೆಗೆಯಲು ಹೋಗಿ ಮುಖಕ್ಕೆ ಆಸಿಡ್ ಹಾರಿಸಿಕೊಳ್ಳಬೇಡಿ.

ಮೈಸೂರು: ಒಳ್ಳೆಯ ಮನಸ್ಸಿನಿಂದ ಹಾಕಿದ್ದು. ಇಷ್ಟು ಕೋಪ ಯಾಕೆ?

ಮೆಕ್ಯಾನಿಕ್: ಹೀಗೆ ಮಾಡಿಕೊಂಡು ಬಂದವರನ್ನು ನಾನು ನೋಡಿದ್ದೇನೆ ಸರ್. ಅದಕ್ಕೆ.

ಶಿರಸಿ: ಬ್ಯಾಟರಿ ಮಾತು ಬಂತು ಅಂತ ಕೇಳುತ್ತೇನೆ. ಕಂಪನಿ ಬ್ಯಾಟರಿ ಹೋದಾಗ ಅಂಗಡಿಯವನು ಮಾಮೂಲಿ ಬ್ಯಾಟರಿ ಹಾಕಿದ. 11 ತಿಂಗಳಿಗೇ ಸತ್ತಿತು.

ಮೆಕ್ಯಾನಿಕ್: ಸಾಯುವುದೇ. ಸ್ಟಾರ್ಟ್-ಸ್ಟಾಪ್ ಕಾರಿಗೆ ಇಎಫ್‌ಬಿ ಅಥವಾ ಎಜಿಎಂ ಅನ್ನುವ, ಮಾಮೂಲಿಗಿಂತ ಗಟ್ಟಿ ಜಾತಿಯ ಬ್ಯಾಟರಿ ಬೇಕು. ದಿನಕ್ಕೆ ಹತ್ತಾರು ಸಲ ಸ್ಟಾರ್ಟ್ ಮಾಡುವ, ಇಂಜಿನ್ ನಿಂತಾಗ ಫ್ಯಾನ್, ಲೈಟ್, ರೇಡಿಯೋ ನಡೆಸುವ ಕೆಲಸ ಅದಕ್ಕಿದೆ. ಮೊದಲು ಯಾವುದಿತ್ತೋ ಅದೇ ಜಾತಿ ಹಾಕಿಸಿ. ನೆಗೆಟಿವ್ ಟರ್ಮಿನಲ್ ಮೇಲೆ ಸಣ್ಣ ಸೆನ್ಸರ್ ಇದ್ದರೆ, ಜಂಪ್ ಸ್ಟಾರ್ಟ್ ಮಾಡುವಾಗ ಕಪ್ಪು ಕ್ಲಿಪ್ಪನ್ನು ಅಲ್ಲಿಗೆ ಸಿಕ್ಕಿಸಬೇಡಿ, ಇಂಜಿನ್ನಿನ ಲೋಹದ ಭಾಗಕ್ಕೆ ಹಾಕಿ. ಹೊಸ ಬ್ಯಾಟರಿ ಬಂದದ್ದನ್ನು ಕೆಲವು ಕಾರುಗಳಿಗೆ ಸ್ಕ್ಯಾನರ್‌ನಲ್ಲಿ ತಿಳಿಸಬೇಕು, ಅದನ್ನೂ ಕೇಳಿ ಮಾಡಿಸಿ.

ಬೆಂಗಳೂರು, ಯಲಹಂಕ: ಸಿಗ್ನಲ್‌ನಲ್ಲಿ ಎನ್‌ಗೆ ಹಾಕುವುದೇ ಒಳ್ಳೆಯದು. ಆಟೋ ಹೋಲ್ಡ್ ಹಾಕಿದರೆ ಬ್ರೇಕ್ ಪ್ಯಾಡ್ ಸವೆಯುತ್ತದೆ.

ಬೆಂಗಳೂರು, ವಿಜಯನಗರ: ನಿಂತ ಚಕ್ರದ ಮೇಲೆ ಪ್ಯಾಡ್ ಹೇಗೆ ಸವೆಯುತ್ತದೆ ಸ್ವಾಮಿ? ಉಜ್ಜಿದರೆ ತಾನೇ ಸವೆಯುವುದು.

ಯಲಹಂಕ: ನಾನು 15 ವರ್ಷದಿಂದ ಓಡಿಸುತ್ತಿದ್ದೇನೆ. ನಿಮ್ಮಿಂದ ಕಲಿಯಬೇಕಿಲ್ಲ.

ಮಂಡ್ಯ: ಪ್ಯಾಡ್ ಇರಲಿ, ನಾನು ಬೈಕಿನವನು. ಆಟೋ ಹೋಲ್ಡ್ ಹಾಕಿ ಕೂತರೆ ಬ್ರೇಕ್ ಲೈಟ್ ಉರಿಯುತ್ತಲೇ ಇರುತ್ತದೆ. ರಾತ್ರಿ ಹಿಂದೆ ನಿಂತವರ ಕಣ್ಣು ಹೋಗುತ್ತದೆ. ಅದರ ಬಗ್ಗೆ ಯಾರಾದರೂ ಯೋಚಿಸಿದ್ದೀರಾ?

ವಿಜಯನಗರ: ಲೈಟ್ ಇದ್ದರೇ ಹಿಂದಿನ ಲಾರಿಯವನಿಗೆ ನಾನು ನಿಂತಿದ್ದೇನೆ ಅಂತ ಗೊತ್ತಾಗುವುದು.

ಮಂಡ್ಯ: 3 ನಿಮಿಷದ ಸಿಗ್ನಲ್‌ನಲ್ಲಿ ನಿಮ್ಮ ಹಿಂದೆ ಇರುವುದು ಲಾರಿ ಅಲ್ಲ, ನಾನು.

ಯಲಹಂಕ: ಅದಕ್ಕೇ ಹೇಳಿದ್ದು, ಎನ್ ಹಾಕಿ ಹ್ಯಾಂಡ್‌ಬ್ರೇಕ್ ಎಳೆಯಿರಿ ಅಂತ. ಕಾರಿನವರಿಗೆ ಸೋಮಾರಿತನ.

ವಿಜಯನಗರ: ಸೋಮಾರಿ ಅಂತ ಯಾರಿಗೆ ಹೇಳುತ್ತಿದ್ದೀರಿ? ಮಾತು ನೋಡಿ ಆಡಿ.

ಅಡ್ಮಿನ್: ಸಾಕು ಇಬ್ಬರೂ.

ಮೆಕ್ಯಾನಿಕ್: ಪ್ಯಾಡ್ ಸವೆಯುವುದಿಲ್ಲ. ಮಂಡ್ಯದವರ ಮಾತು ನ್ಯಾಯವಾದದ್ದು. ಹಿಂದೆ ಗಾಡಿಗಳು ಬಂದು ನಿಂತ ಮೇಲೆ, ಉದ್ದ ಸಿಗ್ನಲ್ ಆದರೆ ಹ್ಯಾಂಡ್‌ಬ್ರೇಕ್ ಹಾಕಿ ಎನ್ ಮಾಡಿದರೆ ಲೈಟ್ ಆರುತ್ತದೆ. ಡಿಸಿಟಿ, ಅಂದರೆ ಎರಡು ಕ್ಲಚ್ಚಿನ ಆಟೋಮ್ಯಾಟಿಕ್ ಇರುವವರು ಇನ್ನೊಂದು ಕೇಳಿ. ಬ್ರೇಕನ್ನು ಅರ್ಧಂಬರ್ಧ ಒತ್ತಿ ಇಂಚಿಂಚು ಜಾರಿಸಿಕೊಂಡು ಹೋಗುವ ಅಭ್ಯಾಸ ಇದ್ದರೆ ಒಳಗೆ ಕ್ಲಚ್ ಅರ್ಧ ಹಿಡಿದು ಉಜ್ಜಿ ಬಿಸಿಯಾಗುತ್ತದೆ. ಪೂರ್ತಿ ಒತ್ತಿ ನಿಲ್ಲಿಸಿ, ಮುಂದೆ ಜಾಗ ಬಿದ್ದ ಮೇಲೆ ಹೊರಡಿ. ಏರಿನಲ್ಲಿ ಆಕ್ಸಿಲರೇಟರ್ ಒತ್ತಿ ಕಾರು ನಿಲ್ಲಿಸಿಕೊಳ್ಳುವುದಂತೂ ಬೇಡವೇ ಬೇಡ. ಎಎಂಟಿಯವರಿಗೂ, ಅಂದರೆ ಮಾಮೂಲಿ ಗೇರ್‌ಬಾಕ್ಸನ್ನೇ ಕಾರು ತಾನಾಗಿ ಬದಲಿಸುವ ಆಟೋಮ್ಯಾಟಿಕ್‌ನವರಿಗೂ, ಇದೇ ಮಾತು.

ಹಾಸನ: ಶಿರಾಡಿ ಘಾಟಿ ಇಳಿಯುವಾಗ ಎನ್ ಹಾಕಿದರೆ ಪೆಟ್ರೋಲ್ ಉಳಿಯುತ್ತದೆ ಅಂತ ಒಂದು ವಿಡಿಯೋ ಬಂದಿದೆ. ಸ್ಟಾರ್ಟ್-ಸ್ಟಾಪ್‌ಗಿಂತ ಅದೇ ಒಳ್ಳೆಯದಲ್ವಾ?

ಮೆಕ್ಯಾನಿಕ್: ಅಲ್ಲ. ಆ ವಿಡಿಯೋ ಯಾರಿಗೂ ಕಳಿಸಬೇಡಿ. ಈಗಿನ ಇಂಜಿನ್ ಗೇರಿನಲ್ಲಿ ಇಳಿಯುವಾಗ, ಆಕ್ಸಿಲರೇಟರ್ ಬಿಟ್ಟಿದ್ದರೆ ಪೆಟ್ರೋಲ್ ಹಾಯಿಸುವುದನ್ನೇ ನಿಲ್ಲಿಸುತ್ತದೆ. ಎನ್ ಹಾಕಿದರೆ ಇಂಜಿನ್ ತಾನೇ ಓಡಬೇಕು, ಆಗ ಪೆಟ್ರೋಲ್ ಬೇಕು. ಅಂದರೆ ಉಳಿತಾಯವೂ ಇಲ್ಲ. ಪೂರ್ತಿ ಭಾರ ಬ್ರೇಕ್ ಮೇಲೆ ಬಿದ್ದು, ಬಿಸಿಯಾಗಿ, ಒತ್ತಿದರೂ ಹಿಡಿಯದ ಹಂತಕ್ಕೆ ಬರುತ್ತದೆ. ಎಲ್, ಎಸ್ ಅಥವಾ ಮ್ಯಾನುವಲ್ ಮೋಡಿಗೆ ಹಾಕಿ ಚಿಕ್ಕ ಗೇರಿನಲ್ಲಿ ಇಳಿಯಿರಿ. ಪಕ್ಕದಲ್ಲಿ ನಿಮ್ಮ ಮನೆಯವರು ಕೂತಿರುತ್ತಾರೆ ಸರ್.

ಹಾಸನ: ಕೇಳಿದ್ದೇ ತಪ್ಪಾಯಿತು.

ಕಲಬುರಗಿ: ಎಸಿ ಹಾಕಿದಾಗ ಇಂಜಿನ್ ನಿಲ್ಲುತ್ತಿಲ್ಲ...

ಮೆಕ್ಯಾನಿಕ್: ಮೇಲೆ ಓದಿ.

ಕಲಬುರಗಿ: ಎರಡು ಸಾಲು ಬರೆಯಲು ಏನು ಕಷ್ಟ? ಮಂಗಳೂರಿನವರಿಗೆ ಒಂದು ಪುಟ ಬರೆದಿದ್ದೀರಿ.

ಮೆಕ್ಯಾನಿಕ್: ಅವರ ಅಪ್ಪ ಕಾರಿನ ಕೆಳಗೆ ಸಿಗುವುದು ಸ್ವಲ್ಪದರಲ್ಲಿ ತಪ್ಪಿತು. ನಿಮ್ಮ ಕಾರಿಗೆ ಏನೂ ಆಗಿಲ್ಲ.

ಬಳ್ಳಾರಿ: ನನ್ನ ಸಿಎನ್‌ಜಿ ಪ್ರಶ್ನೆ?

ಮಂಗಳೂರು: ಅಣ್ಣಾ, ಇವತ್ತು ಬೆಳಿಗ್ಗೆ ದೇವಸ್ಥಾನದ ಮೈದಾನದಲ್ಲಿ ನೋಡಿದೆವು. ಅಪ್ಪನೇ ಕೂತಿದ್ದರು. ಬೆಲ್ಟ್ ಬಿಚ್ಚಿ ಬಾಗಿಲು ತೆರೆದಾಗ ಇಂಜಿನ್ ಸ್ಟಾರ್ಟ್ ಆಗಲಿಲ್ಲ. ಮೀಟರಿನಲ್ಲಿ ಒಂದು ಸಾಲು ಇಂಗ್ಲಿಷ್‌ನಲ್ಲಿ ಬಂತು, ಒಂದು ಸದ್ದು. ರೇಡಿಯೋ ಹಾಕಿದ್ದರೆ ಆ ಸದ್ದು ಕೇಳುವುದೇ ಇಲ್ಲ. ಡಿಯಲ್ಲೇ ಇತ್ತು. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ನೀವು ಹೇಳಿದ ಕ್ರಮವನ್ನು ಚೀಟಿಯಲ್ಲಿ ಬರೆಸಿಕೊಂಡು ಮೀಟರ್ ಪಕ್ಕ ಅಂಟಿಸಿಕೊಂಡರು. ಹ್ಯಾಂಡ್‌ಬ್ರೇಕ್ ಮಾತ್ರ ಹೆಚ್ಚುಕಮ್ಮಿ ನೆಟ್ಟಗೆ ನಿಲ್ಲುವಷ್ಟು ಮೇಲೆ ಬರುತ್ತದೆ. ಆಟೋಮ್ಯಾಟಿಕ್ ಬಂದ ಮೇಲೆ ಅದನ್ನು ಮುಟ್ಟಿಯೇ ಇರಲಿಲ್ಲವಂತೆ.

ಮೆಕ್ಯಾನಿಕ್: ಕೆಲವೇ ಕ್ಲಿಕ್ ಒಳಗೆ ಕಾರನ್ನು ಹಿಡಿಯಬೇಕು. ನೆಟ್ಟಗೆ ಬಂದರೆ ಸಡಿಲ ಆಗಿದೆ. ಮೊನ್ನೆ ಅವರು ಎಳೆದಿದ್ದರೂ ಆ ಏರಿನಲ್ಲಿ ನಿಲ್ಲುತ್ತಿತ್ತು ಅಂತ ಹೇಳಲಾರೆ. ನಾಳೆ ಬೆಳಿಗ್ಗೆ ಮೊದಲ ಕೆಲಸವಾಗಿ ಬಿಗಿ ಮಾಡಿಸಿ, ಹಿಂದಿನ ಬ್ರೇಕ್ ಬಿಚ್ಚಿಸಿ ನೋಡಿ. ಅಲ್ಲಿಯವರೆಗೆ ಕಾರು ಗೇಟಿನ ಮುಂದೆ ನಿಲ್ಲಿಸಬೇಡಿ, ಕೆಳಗೆ ರಸ್ತೆ ಸಮ ಇರುವ ಕಡೆ ಪಿಗೆ ಹಾಕಿ, ಚಕ್ರಕ್ಕೆ ಕಲ್ಲು ಕೊಟ್ಟು ಬಿಡಿ. ಗೇಟ್ ತೆರೆಯಲು ಒಳಗಿನಿಂದ ಯಾರಾದರೂ ಬರಲಿ. ಮಾಡಿಸಿದ ಮೇಲೆ ಎಷ್ಟು ಕ್ಲಿಕ್ ಬಂತು ಅಂತ ಇಲ್ಲೇ ಬರೆಯಿರಿ, ನಾನು ನೋಡುತ್ತಿರುತ್ತೇನೆ.