ಅಂಬಾಸಿಡರ್ ಕಾರಿನ ಹಳೆಯ ರೇಡಿಯೊ: ದುರಸ್ತಿ ಮಾಡುವುದೋ, ಒಳಗಿನದನ್ನು ಕಿತ್ತು ಹಾಕುವುದೋ?

ಕೋಟೆ ಬಾಗಿಲು (ಚಿತ್ರದುರ್ಗ):
ನಮ್ಮ ಮನೆಯ ಮಾರ್ಕ್ 2 ಅಂಬಾಸಿಡರ್‌ನ ಎಂಜಿನ್ ಕೆಲಸ ಮುಗಿದಿದೆ. ಈಗ ಡ್ಯಾಶ್‌ಬೋರ್ಡಿನಲ್ಲಿರುವ ಫಿಲಿಪ್ಸ್ ರೇಡಿಯೊದ ಸರದಿ. ಮೀಡಿಯಂ ವೇವ್ ಮಾತ್ರ ಇರುವ ಟ್ರಾನ್ಸಿಸ್ಟರ್ ಸೆಟ್ಟು. ಎರಡು ಗುಂಡಿ, ನಡುವೆ ಡಯಲ್. ಎಷ್ಟೋ ವರ್ಷಗಳಿಂದ ಅದಕ್ಕೆ ಕರೆಂಟ್ ಕೊಟ್ಟಿಲ್ಲ. ಬ್ಯಾಟರಿಯ ಪಾಸಿಟಿವ್ ತುದಿ ಕಾರಿನ ಬಾಡಿಗೆ ಸೇರಿದೆ, ರೇಡಿಯೊದ ಬೆನ್ನಿನ ಚೀಟಿಯಲ್ಲೂ ಪಾಸಿಟಿವ್ ಅರ್ಥಿಂಗ್ ಎಂದೇ ಇದೆ. ಹೆದ್ದಾರಿ ಪಕ್ಕದ ಗ್ಯಾರೇಜೊಂದರಲ್ಲಿ ಕೇಳಿದೆ. ಬ್ಯಾಟರಿಯನ್ನು ತಿರುಗಿಸಿಟ್ಟು ನೆಗೆಟಿವ್ ಅರ್ಥಿಂಗ್ ಮಾಡಿ, ರೇಡಿಯೊದ ಒಳಗಿನದನ್ನೆಲ್ಲ ಕಿತ್ತು ಬ್ಲೂಟೂತ್ ಬೋರ್ಡ್ ಕೂರಿಸಿದರೆ ಒಂದೇ ದಿನದ ಕೆಲಸ ಎಂದರು. ನನಗೆ ಮನಸ್ಸು ಒಪ್ಪುತ್ತಿಲ್ಲ. ಇದ್ದದ್ದನ್ನೇ ಹಾಡಿಸಲು ಸಾಧ್ಯವೇ? ಎಲ್ಲಿಂದ ಶುರು ಮಾಡಲಿ?

ಪಿ.ಬಿ. ರಸ್ತೆ (ದಾವಣಗೆರೆ):
ಗ್ಯಾರೇಜಿನವರು ಹೇಳಿದ್ದರಲ್ಲಿ ತಪ್ಪೇನೂ ಇಲ್ಲ. ನಾನು ಆಟೋ ಎಲೆಕ್ಟ್ರಿಕಲ್ ಕೆಲಸದಿಂದಲೇ ಜೀವನ ಮಾಡುವವನು. ಹಳೆಯ ಸೆಟ್ಟಿಗೆ ಟ್ರಾನ್ಸಿಸ್ಟರ್ ಹುಡುಕುವುದೇ ಒಂದು ವನವಾಸ. ಅದನ್ನೆಲ್ಲ ಸರಿಮಾಡಿದ ಮೇಲೂ ಮೀಡಿಯಂ ವೇವ್‌ನಲ್ಲಿ ಕೇಳುವುದಕ್ಕೆ ಏನಿದೆ? ಚಿತ್ರದುರ್ಗದ ಆಕಾಶವಾಣಿಯೇ ಎಫ್.ಎಂ.ನಲ್ಲಿದೆ. ಮುಂಭಾಗದ ಗುಂಡಿ, ಡಯಲ್ ಹಾಗೆಯೇ ಉಳಿಸಿ ಹಿಂದೆ ಹೊಸ ಬೋರ್ಡ್ ಹಾಕಿದರೆ ನೋಡುವವರಿಗೂ ಚೆಂದ, ಮನೆಯವರೂ ಹಾಡು ಕೇಳುತ್ತಾರೆ. ಬಳಕೆಗೆ ಬಾರದ ವಸ್ತುವನ್ನು ಕಾರಿನಲ್ಲಿ ಹೊತ್ತು ತಿರುಗುವುದರಲ್ಲಿ ನನಗೆ ಅರ್ಥ ಕಾಣುವುದಿಲ್ಲ.

ಹಳೆ ವಾಲ್ವು (ದಾವಣಗೆರೆ):
ಕಿತ್ತು ಹಾಕಿದ ಮೇಲೆ ಉಳಿಯುವುದು ತಗಡಿನ ಪೆಟ್ಟಿಗೆ, ರೇಡಿಯೊ ಅಲ್ಲ. ಆ ಸೆಟ್ಟಿನ ಟ್ಯೂನಿಂಗ್ ಭಾಗವನ್ನು ಒಮ್ಮೆ ಬಿಚ್ಚಿ ನೋಡಿ: ಗುಂಡಿ ತಿರುಗಿಸಿದಂತೆ ಫೆರೈಟ್ ಕಡ್ಡಿಗಳು ಸುರುಳಿಗಳ ಒಳಗೆ ಒಟ್ಟೊಟ್ಟಿಗೆ ಜಾರುತ್ತವೆ. ಕಾರಿನ ಕುಲುಕಾಟದಲ್ಲಿ ಸ್ಟೇಷನ್ ತಪ್ಪದಿರಲೆಂದೇ ಕಂಡುಕೊಂಡ ಏರ್ಪಾಡು ಅದು. ಅದನ್ನು ಗುಜರಿಗೆ ಹಾಕಿ ಕೆಲವು ನೂರು ರೂಪಾಯಿಯ ಬೋರ್ಡ್ ಕೂರಿಸಲು ನನ್ನ ಕೈ ಬಾರದು.

ಕೋಟೆ ಬಾಗಿಲು ಅವರೇ, ಮೊದಲ ಮಾತು: ಕಾರಿನ ಬ್ಯಾಟರಿಗೆ ನೇರ ಕೊಟ್ಟು ನೋಡಬೇಡಿ. ಎಲ್ಲಾದರೂ ಶಾರ್ಟ್ ಇದ್ದರೆ ಬ್ಯಾಟರಿ ನೂರಾರು ಆಂಪಿಯರ್ ಹರಿಸಬಲ್ಲದು. ಬ್ಯಾಟರಿ ಚಾರ್ಜರ್‌ನಿಂದಲೂ ಬೇಡ, ಅದು ಕೊಡುವುದು ಶುದ್ಧ ಡಿ.ಸಿ. ಅಲ್ಲ. ಸೆಟ್ಟನ್ನು ಹೊರತೆಗೆದು ಮೇಜಿನ ಮೇಲಿಡಿ. 12 ವೋಲ್ಟಿನ ಪವರ್ ಸಪ್ಲೈ ತೆಗೆದುಕೊಂಡು, ಅದರ ಪಾಸಿಟಿವ್ ಅನ್ನು ರೇಡಿಯೊದ ಶಾಸಿಗೆ (ಲೋಹದ ಚೌಕಟ್ಟಿಗೆ), ನೆಗೆಟಿವ್ ಅನ್ನು ಸಪ್ಲೈ ವೈರಿಗೆ ಕೊಡಿ. ನಡುವೆ ಸರಣಿಯಲ್ಲಿ 12 ವೋಲ್ಟ್ 21 ವ್ಯಾಟಿನ ಇಂಡಿಕೇಟರ್ ಬಲ್ಬ್ ಇರಲಿ. ಬಲ್ಬ್ ಪೂರ್ತಿ ಬೆಳಗಿದರೆ ಒಳಗೆ ಶಾರ್ಟ್ ಇದೆ, ಕೂಡಲೇ ತೆಗೆಯಿರಿ. ಮಂಕಾಗಿ ಮಿಣುಕಿದರೆ ಗಾಬರಿ ಬೇಡ. ಒಂದೇ ಪವರ್ ಟ್ರಾನ್ಸಿಸ್ಟರ್ ಇರುವ ಸೆಟ್ಟುಗಳು ಸದ್ದು ಬಾರದಿದ್ದರೂ ಅರ್ಧ ಆಂಪಿಯರ್‌ಗಿಂತ ಹೆಚ್ಚು ಎಳೆಯುವುದು ಸಹಜ. ಸ್ಪೀಕರ್ ಜೋಡಿಸದೆ ಮಾತ್ರ ಸ್ವಿಚ್ ಹಾಕಬೇಡಿ. ಔಟ್‌ಪುಟ್ ಟ್ರಾನ್ಸಿಸ್ಟರ್ ಹೋಗಬಹುದು.

ಹದಡಿ ರಸ್ತೆ (ದಾವಣಗೆರೆ):
ಇನ್ನೊಂದು ಕಾರಣಕ್ಕೂ ಒಳಗಿನದನ್ನು ಕೀಳಬಾರದು. 50 ವರ್ಷ ದಾಟಿದ ಕಾರಿಗೆ ವಿಂಟೇಜ್ ನೋಂದಣಿ ಮಾಡಿಸಬೇಕಾದರೆ ಏನನ್ನೂ ಬದಲಾಯಿಸಿರಬಾರದು ಎಂಬ ನಿಯಮವಿದೆ.

ಜೋಗಿಮಟ್ಟಿ (ಚಿತ್ರದುರ್ಗ):
ಅದು ಹಾಗಿಲ್ಲ. 2021ರಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ಆದ ತಿದ್ದುಪಡಿ ಹೇಳುವುದು ಶಾಸಿ, ಬಾಡಿ, ಎಂಜಿನ್‌ಗಳಲ್ಲಿ ಗಣನೀಯ ಮಾರ್ಪಾಡು ಇರಬಾರದು ಎಂದು. ರೇಡಿಯೊ ಅದರಲ್ಲಿ ಬರುವುದಿಲ್ಲ. ಕಾನೂನಿನ ಹೆದರಿಕೆ ಹುಟ್ಟಿಸಿ ಹಳೆಯದನ್ನು ಉಳಿಸುವುದು ಬೇಡ, ಉಳಿಸಲು ಬೇರೆ ಕಾರಣಗಳಿವೆ.

ಪಿ.ಬಿ. ರಸ್ತೆ ಅವರ ಸಲಹೆಯಲ್ಲಿ ನನಗೆ ಅಪಾಯ ಕಾಣುವುದು ಬೇರೆ ಕಡೆ. ಈ ಕಾರು ಪಾಸಿಟಿವ್ ಅರ್ಥಿಂಗ್. ಬ್ಲೂಟೂತ್ ಬೋರ್ಡುಗಳಲ್ಲಿ ಸಾಮಾನ್ಯವಾಗಿ ನೆಗೆಟಿವ್ ಭಾಗವೇ ಬೋರ್ಡಿನ ಅಂಚು, ಸ್ಕ್ರೂ ತೂತು, ಸಾಕೆಟ್ಟಿನ ತಗಡಿಗೆ ಸೇರಿರುತ್ತದೆ. ರೇಡಿಯೊ ಪೆಟ್ಟಿಗೆ ಬಾಡಿಗೆ ಸೇರಿದೆ, ಬಾಡಿ ಬ್ಯಾಟರಿಯ ಪಾಸಿಟಿವ್‌ಗೆ ಸೇರಿದೆ. ಬೋರ್ಡನ್ನು ಸ್ಕ್ರೂ ಹಾಕಿ ಬಿಗಿದರೆ ನೇರ ಶಾರ್ಟ್. ಪ್ಲಾಸ್ಟಿಕ್ ವಾಷರ್ ಹಾಕಿ ತಪ್ಪಿಸಿದಿರಿ ಎನ್ನೋಣ, ಏರಿಯಲ್ ಇದೆಯಲ್ಲ? ಅದರ ಕೇಬಲ್ಲಿನ ಹೊರ ಹೆಣಿಗೆ ಒಂದು ತುದಿಯಲ್ಲಿ ಬೋರ್ಡಿಗೆ, ಇನ್ನೊಂದು ತುದಿಯಲ್ಲಿ ಮಡ್‌ಗಾರ್ಡಿನ ತಗಡಿಗೆ ತಾಗುತ್ತದೆ. ಆ ಹೆಣಿಗೆಯೇ ಕಾದು ಕೆಂಪಾಗುತ್ತದೆ.

ಪಿ.ಬಿ. ರಸ್ತೆ:
ಅದಕ್ಕೇ ನೆಗೆಟಿವ್ ಅರ್ಥಿಂಗ್‌ಗೆ ಬದಲಾಯಿಸಿ ಎಂದದ್ದು. ಅಂಬಾಸಿಡರ್‌ಗಳಲ್ಲಿ ನಾನು ಈ ಕೆಲಸ ಮಾಡಿದ್ದೇನೆ. ಬ್ಯಾಟರಿ ತಿರುಗಿಸಿ, ಇಗ್ನಿಷನ್ ಕಾಯಿಲಿನ ಎರಡು ವೈರು ಅದಲುಬದಲು ಮಾಡಿ, ಆಮೀಟರ್ ಇದ್ದರೆ ಅದರ ವೈರನ್ನೂ ಬದಲಿಸಿ. ಕಂಟ್ರೋಲ್ ಬಾಕ್ಸಿನಿಂದ ಡೈನಮೊದ ಎಫ್ (ಫೀಲ್ಡ್) ವೈರು ಬಿಚ್ಚಿ ಬ್ಯಾಟರಿಯ ಅರ್ಥಿಂಗ್ ಅಲ್ಲದ ತುದಿಗೆ ಕ್ಷಣಮಾತ್ರ ತಾಗಿಸಿದರೆ ಡೈನಮೊ ಹೊಸ ದಿಕ್ಕಿಗೆ ಒಗ್ಗುತ್ತದೆ. ಸ್ಟಾರ್ಟರ್ ಮೋಟಾರಿಗೆ ಏನೂ ಮಾಡಬೇಕಾಗಿಲ್ಲ. ಇದರಲ್ಲಿ ಕಾರಿನ ಒಂದು ಭಾಗವೂ ಹಾಳಾಗುವುದಿಲ್ಲ.

ಹಳೆ ವಾಲ್ವು:
ರೇಡಿಯೊ ಹಾಳಾಗುತ್ತದೆ. ನೀವು ಹೇಳಿದ ಪಟ್ಟಿಯಲ್ಲಿ ಅದೊಂದೇ ಬಿಟ್ಟುಹೋಯಿತು. ಪಾಸಿಟಿವ್ ಅರ್ಥಿಂಗ್ ಸೆಟ್ಟನ್ನು ಹಾಗೆಯೇ ಬಿಟ್ಟು ಬ್ಯಾಟರಿ ತಿರುಗಿಸಿದರೆ ಜರ್ಮೇನಿಯಂ ಟ್ರಾನ್ಸಿಸ್ಟರುಗಳೂ ಎಲೆಕ್ಟ್ರೊಲಿಟಿಕ್ ಕೆಪಾಸಿಟರುಗಳೂ ಹೋದಂತೆಯೇ. ಕೆಲವು ಸೆಟ್ಟುಗಳ ಹಿಂದೆ ಧ್ರುವ ಬದಲಿಸುವ ಪ್ಲಗ್ ಇರುತ್ತದೆ, ಇವರ ಸೆಟ್ಟಿನ ಚೀಟಿಯಲ್ಲಿ ಪಾಸಿಟಿವ್ ಎಂದಷ್ಟೇ ಇದೆ. ಕಾರೂ ರೇಡಿಯೊವೂ ಒಂದಕ್ಕೊಂದು ಹೊಂದಿಕೊಂಡೇ ಇರುವಾಗ ಎರಡನ್ನೂ ಏಕೆ ಬದಲಿಸಬೇಕು?

ಕೋಟೆ ಬಾಗಿಲು:
ಬಲ್ಬ್ ಹಾಕಿ ನೋಡಿದೆ. ಮಂಕಾಗಿ ಕೆಂಪಗಾಗುತ್ತದೆ, ಅಷ್ಟೇ. ಸ್ಪೀಕರಿನಲ್ಲಿ ಗೊರಗೊರ ಸದ್ದು, ನಡುವೆ ಪಟಪಟ. ಮುಚ್ಚಳ ತೆಗೆದರೆ ಒಂದು ದೊಡ್ಡ ಕೆಪಾಸಿಟರಿನ ಬುಡ ಉಬ್ಬಿ, ಕೆಳಗಿನ ಬೋರ್ಡಿನ ಮೇಲೆ ಕಂದು ಕಲೆ ಬಿದ್ದಿದೆ.

ಹಳೆ ವಾಲ್ವು:
ಒಳ್ಳೆಯ ಸುದ್ದಿ, ಜೀವ ಇದೆ. ಒಣಗಿದ ಎಲೆಕ್ಟ್ರೊಲಿಟಿಕ್‌ಗಳಿಂದಲೇ ಆ ಪಟಪಟ ಬರುತ್ತಿರಬೇಕು. ಎಲ್ಲವನ್ನೂ ಬದಲಾಯಿಸಿ, ಆದರೆ ಒಂದೊಂದಾಗಿ: ಒಂದನ್ನು ತೆಗೆದು ಅಲ್ಲೇ ಹೊಸದನ್ನು ಹಾಕಿ ಮುಂದಿನದಕ್ಕೆ ಹೋಗಿ. ಅದೇ ಮೈಕ್ರೊಫ್ಯಾರಡ್, ವೋಲ್ಟೇಜ್ 25. ಇಲ್ಲಿ ಕೈ ತಪ್ಪುವುದು ಸುಲಭ. ಶಾಸಿ ಪಾಸಿಟಿವ್ ಆದ್ದರಿಂದ ಶಾಸಿಗೆ ಸೇರುವುದು ಕೆಪಾಸಿಟರಿನ ಪಾಸಿಟಿವ್ ಕಾಲು. ಈಗಿನ ಸರ್ಕ್ಯೂಟುಗಳ ಅಭ್ಯಾಸದಲ್ಲಿ ನೆಗೆಟಿವ್ ಪಟ್ಟೆಯ ಕಾಲನ್ನು ಶಾಸಿಗೆ ಬೆಸೆದರೆ ಹೊಸದೂ ಸಿಡಿಯುತ್ತದೆ. ಕಂದು ಕಲೆಯನ್ನು ಐಸೋಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ, ಬಿಟ್ಟರೆ ಆ ಕಲೆ ಬೋರ್ಡಿನ ತಾಮ್ರದ ಗೆರೆಯನ್ನು ತಿನ್ನುತ್ತದೆ.

ಕೆಲಸ ಮುಗಿದ ಮೇಲೆ ಗಂಟೆಗಟ್ಟಲೆ ಓಡಿಸಿ ಕರೆಂಟ್ ಅಳೆಯುತ್ತಿರಿ. ಜರ್ಮೇನಿಯಂನಲ್ಲಿ ಸುಮಾರು 10 ಡಿಗ್ರಿ ಬಿಸಿ ಏರಿದರೆ ಸೋರುವ ಕರೆಂಟ್ ಇಮ್ಮಡಿಯಾಗುತ್ತದೆ. ಸೋರಿದಷ್ಟೂ ಬಿಸಿ, ಬಿಸಿಯಾದಷ್ಟೂ ಸೋರಿಕೆ. ಏಪ್ರಿಲ್ ತಿಂಗಳ ದುರ್ಗದ ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ ಹೇಗಿರುತ್ತದೆಂದು ನಿಮಗೆ ಗೊತ್ತು. ಮೀಟರಿನ ಓದು ಸ್ಥಿರವಾಗಿ ನಿಲ್ಲದೆ ಏರುತ್ತಲೇ ಇದ್ದರೆ ಕಾರಿಗೆ ಹಾಕಬೇಡಿ, ಮೊದಲು ಬಯಾಸ್ (ಟ್ರಾನ್ಸಿಸ್ಟರಿಗೆ ಕೊಡುವ ಆರಂಭಿಕ ವೋಲ್ಟೇಜ್) ಸರಿಮಾಡಬೇಕು.

ಹದಡಿ ರಸ್ತೆ:
ಟ್ರಾನ್ಸಿಸ್ಟರ್ ಹೋಗಿದ್ದರೆ ಸಿಲಿಕಾನ್ ಹಾಕಬಹುದೇ? ಬಿಸಿಲಿಗೆ ಅದೇ ಗಟ್ಟಿಯಲ್ಲವೇ?

ಹಳೆ ವಾಲ್ವು:
ಗಟ್ಟಿ ನಿಜ, ಆದರೆ ನೇರವಾಗಿ ಕೂರುವುದಿಲ್ಲ. ಜರ್ಮೇನಿಯಂ ಸುಮಾರು 0.2 ವೋಲ್ಟಿಗೆ ಕೆಲಸ ಶುರು ಮಾಡಿದರೆ ಸಿಲಿಕಾನ್‌ಗೆ 0.6 ಬೇಕು. ಬಯಾಸ್ ರೆಸಿಸ್ಟರುಗಳನ್ನೂ ಬದಲಿಸಬೇಕಾಗುತ್ತದೆ. ಮೂಲದ್ದು ಸಿಗದಿದ್ದಾಗ ಮಾತ್ರ ನಾನು ಆ ದಾರಿ ಹಿಡಿಯುತ್ತೇನೆ.

ಜೋಗಿಮಟ್ಟಿ:
ಈಗ ಕಾರಿನ ಕಡೆಯ ವೈರಿಂಗ್. ಲ್ಯೂಕಾಸ್ ಬಣ್ಣಗಳೇ ಉಳಿದಿದ್ದರೆ ಕಂದು ವೈರು ನೇರ ಬ್ಯಾಟರಿಯದು, ಬಿಳಿ ಇಗ್ನಿಷನ್‌ನದು, ಹಸಿರು ಇಗ್ನಿಷನ್ ದಾಟಿ ಫ್ಯೂಸಿನಿಂದ ಬರುವುದು. ಹಸಿರಿನಿಂದ ತೆಗೆದುಕೊಳ್ಳಿ. ಬಿಳಿಯನ್ನು ಮುಟ್ಟಬೇಡಿ, ರೇಡಿಯೊದಲ್ಲಿ ಶಾರ್ಟ್ ಆದರೆ ಎಂಜಿನ್ ನಡುರಸ್ತೆಯಲ್ಲೇ ನಿಲ್ಲುತ್ತದೆ. ಹಸಿರಿಗೆ ಫ್ಯೂಸ್ ಇದೆಯಲ್ಲ ಎಂದು ಸುಮ್ಮನಾಗುವಂತಿಲ್ಲ. ಆ ಪೆಟ್ಟಿಗೆಯ ಫ್ಯೂಸ್ 35 ಆಂಪಿಯರ್‌ನದು. ಅದು ಹೋಗುವ ಮೊದಲು ರೇಡಿಯೊದ ಸಣ್ಣ ವೈರು ಕರಗಿ ಪಕ್ಕದ ವೈರುಗಳನ್ನೂ ಸುಟ್ಟಿರುತ್ತದೆ. ವೈರು ಕವಲೊಡೆಯುವ ಜಾಗದಲ್ಲೇ ಪ್ರತ್ಯೇಕ 3 ಆಂಪಿಯರ್ ಫ್ಯೂಸ್ ಹಾಕಿ, ರೇಡಿಯೊದ ಹತ್ತಿರ ಅಲ್ಲ. ತಿರುಚಿ ಟೇಪ್ ಸುತ್ತಿದ ಜೋಡಣೆ ನಮ್ಮ ಸೆಕೆಗೆ ಅಂಟು ಬಿಟ್ಟು ಜಾರುತ್ತದೆ. ಬೆಸೆದು ಸ್ಲೀವ್ ಹಾಕಿ.

ಪಿ.ಬಿ. ರಸ್ತೆ:
ಈ ಫ್ಯೂಸಿನ ಮಾತನ್ನು ಪೂರ್ತಿ ಒಪ್ಪುತ್ತೇನೆ. ಸುಟ್ಟ ವೈರಿಂಗ್ ಬಿಡಿಸುವ ಕೆಲಸ ನಮ್ಮ ಪಾಲಿಗೆ ಬರುತ್ತಲೇ ಇರುತ್ತದೆ. ಒಂದು ಸೇರಿಸುತ್ತೇನೆ. ಎಂಜಿನ್ ಚಾಲೂ ಮಾಡಿದೊಡನೆ ರೇಡಿಯೊದಲ್ಲಿ ಚಟಚಟ ಬಂದರೆ ಇಗ್ನಿಷನ್‌ನದು, ವೇಗಕ್ಕೆ ತಕ್ಕಂತೆ ಏರಿಳಿಯುವ ಕೊಯ್ಯೆನ್ನುವ ಸದ್ದು ಡೈನಮೊದ್ದು. ಕಾಯಿಲಿನಲ್ಲಿ ಸ್ವಿಚ್ ಕಡೆಯ ತುದಿಗೆ ಸಪ್ರೆಸರ್ ಕಂಡೆನ್ಸರ್ (ಗಲಾಟೆ ತಡೆಯುವ ಕೆಪಾಸಿಟರ್) ಹಾಕಿ, ಪಾಯಿಂಟ್ ಕಡೆಗೆ ಹಾಕಿದರೆ ಕಿಡಿ ದುರ್ಬಲವಾಗುತ್ತದೆ. ಡೈನಮೊದಲ್ಲಿ ದಪ್ಪ ವೈರಿನ ಡಿ ತುದಿಗೆ ಹಾಕಿ, ಎಫ್‌ಗೆ ಬೇಡ. ಬಾನೆಟ್ಟಿನಿಂದ ಬಾಡಿಗೆ ಒಂದು ಹೆಣಿಗೆ ಪಟ್ಟಿ ಕೊಟ್ಟರೆ ಇನ್ನಷ್ಟು ಕಡಿಮೆಯಾಗುತ್ತದೆ. ಆದರೂ ನನ್ನ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ಇಷ್ಟೆಲ್ಲ ಮಾಡಿ ಕೇಳುವುದೇನು?

ಹಳೆ ವಾಲ್ವು:
ಮೀಡಿಯಂ ವೇವ್ ಎಂದರೆ ನಮ್ಮ ಭಾಗದವರಿಗೆ ಭದ್ರಾವತಿಯ 675, ಧಾರವಾಡದ 765, ಬೆಂಗಳೂರಿನ 612 ಕಿಲೋಹರ್ಟ್ಸ್. ಕತ್ತಲಾದ ಮೇಲೆ ದೂರದ ಊರುಗಳೂ ತೇಲಿ ಬರುವ ತರಂಗ ಇದು, ಎಫ್.ಎಂ.ಗೆ ಆ ಗುಣವಿಲ್ಲ. ಮೊಬೈಲಿನ ಹಾಡು ಬೇಕೇ ಬೇಕಾದರೆ ತನ್ನದೇ ಬ್ಯಾಟರಿ ಇರುವ ಪುಟ್ಟ ಬ್ಲೂಟೂತ್ ಸ್ಪೀಕರನ್ನು ಗ್ಲೋವ್ ಬಾಕ್ಸಿನಲ್ಲಿಡಿ. ಕಾರಿನ ಒಂದು ವೈರನ್ನೂ ಮುಟ್ಟಬೇಕಾಗಿಲ್ಲ, ಧ್ರುವದ ಗೊಡವೆಯೂ ಇಲ್ಲ.

ಪಿ.ಬಿ. ರಸ್ತೆ:
ಅದಾದರೆ ನನ್ನ ತಕರಾರಿಲ್ಲ. ಡ್ಯಾಶ್‌ಬೋರ್ಡಿನಲ್ಲಿ ಕೆಲಸಕ್ಕೆ ಬಾರದ್ದು ಇರಬಾರದು ಎಂಬುದಷ್ಟೇ ನನ್ನ ಮಾತು, ಇದು ಹಾಡುವಂತಾದರೆ ಇರಲಿ.

ಕೋಟೆ ಬಾಗಿಲು:
ಕೆಪಾಸಿಟರುಗಳನ್ನು ಬದಲಾಯಿಸಿದೆ, ಪಟಪಟ ನಿಂತಿತು. ಕರೆಂಟ್ ಓದು ನಿಂತಲ್ಲೇ ನಿಂತಿದೆ. ಏರಿಯಲ್ ಕೇಬಲ್ ಮಾತ್ರ ಇಲಿ ಕಡಿದಿದೆ. ಟಿ.ವಿ. ಕೇಬಲ್ ತುಂಡು ಇದೆ, ಅದನ್ನೇ ಹಾಕಲೇ?

ಹಳೆ ವಾಲ್ವು:
ಬೇಡವೇ ಬೇಡ. ಕಾರ್ ರೇಡಿಯೊದ ಏರಿಯಲ್ ಕೇಬಲ್ಲಿನಲ್ಲಿ ಕೂದಲೆಳೆಯಂಥ ತಂತಿ ಟೊಳ್ಳು ಕೊಳವೆಯೊಳಗೆ ಸಡಿಲವಾಗಿರುತ್ತದೆ. ಕೇಬಲ್ಲಿನ ಕೆಪಾಸಿಟನ್ಸ್ (ಸಿಗ್ನಲ್ ನುಂಗುವ ಗುಣ) ಕಡಿಮೆ ಇರಲೆಂದೇ ಹಾಗೆ. ಟಿ.ವಿ. ಕೇಬಲ್ ಹಾಕಿದರೆ ದುರ್ಬಲ ಸ್ಟೇಷನ್‌ಗಳೆಲ್ಲ ಅಲ್ಲೇ ಸಾಯುತ್ತವೆ. ಕಾರ್ ಏರಿಯಲ್‌ನ ಕೇಬಲ್ಲನ್ನೇ ತನ್ನಿ. ಜೋಡಿಸಿದ ಮೇಲೆ ಕಡ್ಡಿಯನ್ನು ಪೂರ್ತಿ ಎಳೆದು, ಡಯಲ್ಲಿನ 1400ರ ಆಸುಪಾಸಿನಲ್ಲಿ ಕ್ಷೀಣವಾಗಿ ಸಿಗುವ ಸ್ಟೇಷನ್ ಹಿಡಿದು, ಏರಿಯಲ್ ಸಾಕೆಟ್ಟಿನ ಬಳಿಯ ಟ್ರಿಮ್ಮರನ್ನು (ಏರಿಯಲ್‌ಗೆ ಸೆಟ್ಟನ್ನು ಹೊಂದಿಸುವ ಪುಟ್ಟ ತಿರುಪನ್ನು) ಪ್ಲಾಸ್ಟಿಕ್ ಸ್ಕ್ರೂಡ್ರೈವರಿನಿಂದ ಸದ್ದು ಅತಿ ಜೋರಾಗುವವರೆಗೆ ತಿರುಗಿಸಿ.

ಜೋಗಿಮಟ್ಟಿ:
ಅದನ್ನು ಮನೆಯ ಮುಂದೆ ಮಾಡಬೇಡಿ. ಎಲ್.ಇ.ಡಿ. ಬಲ್ಬು, ಮೊಬೈಲ್ ಚಾರ್ಜರುಗಳ ಗಲಾಟೆಯಲ್ಲಿ ಕ್ಷೀಣ ಸ್ಟೇಷನ್ ಕೇಳಿಸುವುದೇ ಇಲ್ಲ. ಸಂಜೆ ಹೊಳಲ್ಕೆರೆ ರಸ್ತೆಯಲ್ಲಿ ಊರು ದಾಟಿ, ಕರೆಂಟ್ ಕಂಬಗಳಿಂದ ದೂರ ನಿಲ್ಲಿಸಿ, ಎಂಜಿನ್ ಆರಿಸಿ ಟ್ರಿಮ್ಮರ್ ಹೊಂದಿಸಿ. ಆಮೇಲೆ ಎಂಜಿನ್ ಚಾಲೂ ಮಾಡಿ ಕೇಳಿದರೆ ಕಂಡೆನ್ಸರ್ ಎಲ್ಲಿಗೆ ಬೇಕು ಎಂಬುದೂ ತಿಳಿಯುತ್ತದೆ.